‘ಬದಲಿ ಬೇಡ’ ಎಂದ ಧಣಿ

ಗ್ರಾಂಟ್ ರೋಡಿನ ಶಶಿಕಾಂತ ಶೆಟ್ಟರ ಹೋಟೆಲಿನಲ್ಲಿ ಒಂದು ಕಟ್ಟಳೆ ಇತ್ತು. ಅದನ್ನು ಮೊದಲೇ ಹೇಳಿಬಿಡಬೇಕು. ಅದು ತಿಳಿಯದಿದ್ದರೆ ದೋಸೆ ಚೆನ್ನಯನ ಸಂಕಟ ಯಾರಿಗೂ ತಿಳಿಯದು.

ಅಲ್ಲಿ ಊರಿಗೆ ಹೊರಟವನು ಯಾರೇ ಆಗಲಿ, ತನ್ನ ಜಾಗಕ್ಕೆ ಒಬ್ಬ ಬದಲಿಯನ್ನು ತಾನೇ ಹುಡುಕಿ ಕೊಡಬೇಕು. ಹೊರಡುವ ದಿನ ದೇವರ ಪಟದ ಕೆಳಗೆ ನಿಂತು, ಸೌಟೋ ಸಟ್ಟುಗವೋ, ತನ್ನ ಕೈಯ ಸಾಮಾನನ್ನು ಬದಲಿಯ ಕೈಗೆ ತಾನೇ ಇಡಬೇಕು. ಹಾಗೆ ಇಟ್ಟು ಹೋದವನು ಮಳೆಗಾಲ ಕಳೆದು ಬಂದರೂ ಜಾಗ ಅವನದೇ. ಬದಲಿಯವನು ತುಟಿಪಿಟಕ್ಕೆನ್ನದೆ ಇಳಿದುಹೋಗಬೇಕು. ಆದರೆ ಧಣಿ ಯಾರಿಗಾದರೂ ‘ಬದಲಿ ಬೇಡ’ ಎಂದರೋ, ಅವನ ಕಥೆ ಮುಗಿಯಿತು. ವಿಜಯಪುರ ಕಡೆಯ ಗುರುಬಸವ ಅಲ್ಲಿ ಚಾ ಮಾಡುತ್ತಿದ್ದ. ಅವನಿಗೆ ಹಾಗೆ ಅಂದಿದ್ದರು. ಪಾಪ, ರೊಟ್ಟಿಯ ಗಂಟು ಹೊತ್ತು ಅವನು ಊರಿನಿಂದ ತಿರುಗಿ ಬಂದಾಗ, ಅವನ ಗೂಟದಲ್ಲಿ ಬೇರೊಬ್ಬನ ಅಂಗಿ ನೇತಾಡುತ್ತಿತ್ತು.

ಚೆನ್ನಯ ಕಾರ್ಕಳದ ಕಡೆಯವನು. ಮೀಸೆ ಮೂಡುವ ಮೊದಲೇ ಮುಂಬಯಿಗೆ ಬಂದು, ಬಸಿ ತೊಳೆದು, ಟೇಬಲ್ ಒರಸಿ, ಕಡೆಗೆ ತವೆಯ ಮುಂದೆ ನಿಂತವನು ಮತ್ತೆ ಅಲ್ಲಿಂದ ಕದಲಲಿಲ್ಲ. ತವೆ ಗುಡಿಸುವುದಕ್ಕೆ ಊರಿನ ತೆಂಗಿನ ಕಡ್ಡಿಯಿಂದ ತಾನೇ ಕಟ್ಟಿದ ಒಂದು ಮೋಟು ಹಿಡಿಸೂಡಿ ಅವನಲ್ಲಿತ್ತು. ಅದನ್ನು ಬೇರೆಯವರು ಮುಟ್ಟಿದರೆ ಆ ದಿನವೆಲ್ಲ ಮುಖ ಗಂಟು.

ಅವನು ಮೊದಲು ಕಾಲುನೋವಿಗೆಂದು ಕುಡಿದ. ಆಮೇಲೆ ನಿದ್ದೆಗೆಂದು ಕುಡಿದ. ಬರಬರುತ್ತ ಬೆಳಿಗ್ಗೆ ಕೈ ನಡುಗದಿರಲಿ ಎಂದೇ ಕುಡಿಯಬೇಕಾಯಿತು. ದುಂಡಗಿರುತ್ತಿದ್ದ ದೋಸೆಗಳು ಕೊಂಕಣ ರೈಲಿನ ನಕ್ಷೆಯಂತೆ ಸೊಟ್ಟಸೊಟ್ಟಗೆ ಹರಿಯತೊಡಗಿದವು. ಒಂದು ಬೆಳಿಗ್ಗೆ ತಲೆ ತಿರುಗಿ, ಆಸರೆಗೆ ಕೈಯೂರಿದ್ದು ಕಾದ ತವೆಯ ಮೇಲೆ.

ಶೆಟ್ಟರು ತಾವೇ ಮುಲಾಮು ಹಚ್ಚಿಸಿ, ಕೂರಿಸಿ ಹೇಳಿದರು. “ಕೈ ಮಾಗುವ ತನಕ ಮನೆಯಲ್ಲಿರು. ಆಮೇಲೆ ಕರ್ಜತ್ ಹತ್ತಿರ ಕುಡಿತ ಬಿಡಿಸುವ ಒಂದು ಕೇಂದ್ರ ಉಂಟು. ಅಲ್ಲೇ ಇರಬೇಕು, ಮೂರು ತಿಂಗಳು. ಹೋಗಿ ಬಾ ಮಾರಾಯ.”

“ಬದಲಿ ಯಾರನ್ನು ಕೊಡ್ಲಿ ಧಣಿ?”

ಶೆಟ್ಟರು ಗಲ್ಲಾಪೆಟ್ಟಿಗೆಯ ಕಡೆ ತಿರುಗಿದರು. “ಬದಲಿ ಬೇಡ,” ಅಂದರು.

ಸುಟ್ಟ ಕೈ ಚೆನ್ನಯನಿಗೆ ಮರೆತೇಹೋಯಿತು.

ಕುರ್ಲಾದ ಚಾಳಿನಲ್ಲಿ ಕೂತು ಅವನು ಅದೊಂದೇ ಮಾತನ್ನು ಅರೆದ. ಎಲ್ಲರೂ ಸೇರಿ ತನ್ನನ್ನು ಬೀಗದೊಳಗೆ ಹಾಕಿ ತವೆ ಕಿತ್ತುಕೊಳ್ಳುವ ಹೂಟ ಇದು. ಇಲ್ಲದಿದ್ದರೆ ಹೆಂಡತಿ ವಾರಿಜಾ ಧಣಿಯ ಫೋನ್ ಬಂದಾಗ ನಲ್ಲಿಯ ಹತ್ತಿರ ಹೋಗಿ ಯಾಕೆ ಮಾತಾಡಬೇಕು? ಕಾಲೇಜಿಗೆ ಹೋಗುವ ಮಗಳು ಯಕ್ಷಿತಾ ಕೂಡ ಅವರ ಪಕ್ಷವೇ.

“ಪಪ್ಪಾ, ಕರ್ಜತ್‌ನವರು ಕಾಲ್ ಮಾಡಿದ್ರು. ಮಂಡೇಗೆ ಜಾಗ ಉಂಟಂತೆ. ಲೇಕಿನ್ ಜಬರ್‌ದಸ್ತಿ ನಹೀ ಕರ್ತೇ ವೋ ಲೋಗ್. ನೀವೇ ಹಾಂ ಹೇಳ್ಬೇಕು.”

“ಹೇಳದಿದ್ರೆ?”

“ಜಾಗ ಬೇರೆಯವರಿಗೆ ಹೋಗ್ತದೆ.”

“ಅಲ್ಲಿಯೂ ಹೋಗ್ತದಾ?” ಎಂದು ಚೆನ್ನಯ ಗೋಡೆಗೆ ತಿರುಗಿ ಮಲಗಿದ.

ವಾರಿಜಾ ಆ ವಾರವೆಲ್ಲ ಬೆಳಗಾದರೆ ಹೊರಟುಬಿಡುತ್ತಿದ್ದಳು. ಬಾಂದ್ರಾದಲ್ಲಿ ಪ್ರಣೀತಾ ಎಂಬವರ ಮನೆಯಲ್ಲಿ ಸೀಮಂತ, ಅಡುಗೆಗೆ ಕೈ ಬೇಕಂತೆ. ಚೆನ್ನಯ ಅದನ್ನೂ ಮೂಸಿ ನೋಡಿದ. ಸೀಮಂತದ ಮನೆಯಿಂದ ಬಂದವಳ ಸೆರಗಿನಲ್ಲಿ ಹೋಳಿಗೆಯದೋ ಪಾಯಸದೋ ಘಮ ಇರಬೇಕಲ್ಲ. ಇವಳ ಸೆರಗಿನಲ್ಲಿ ಹುಳಿಬಂದ ಹಿಟ್ಟಿನ ವಾಸನೆ, ಕಾದ ಕಬ್ಬಿಣದ ವಾಸನೆ. ಊಟ ಬಡಿಸುವಾಗ ಮಣಿಕಟ್ಟಿನ ಹತ್ತಿರ ಒಂದು ಕೆಂಪು ಬರೆ ಕಂಡಿತು. ತವೆಯ ಅಂಚು ತಾಗಿದರೆ ಮಾತ್ರ ಬೀಳುವ ಬರೆ. ಅಂಥವು ಅವನ ಮೊಣಕೈವರೆಗೂ ಇದ್ದವು.

ಶನಿವಾರ ಅವನು ಅವಳ ಹಿಂದೆ ಹೊರಟ. ಆ ಬೆಳಿಗ್ಗೆ ಕುಡಿಯಲಿಲ್ಲ. ಪತ್ತೇದಾರಿಕೆಗೆ ತಲೆ ನೆಟ್ಟಗಿರಬೇಕಲ್ಲ. ಮೈಯೆಲ್ಲ ಬೆವರು. ಅವಳು ಲೇಡೀಸ್ ಡಬ್ಬಿಗೆ ಹತ್ತಿದಳು, ಇವನು ಪಕ್ಕದ ಡಬ್ಬಿಗೆ. ದಾದರಿನಲ್ಲಿ ಇಳಿದು ಸೇತುವೆ ದಾಟಿದಳು. ಬಾಂದ್ರಾಕ್ಕೆ ಹೋಗುವವಳು ಎದುರು ದಿಕ್ಕಿನ, ಚರ್ಚ್‌ಗೇಟ್ ಕಡೆಯ ಗಾಡಿ ಹತ್ತಿದಳು. ಗ್ರಾಂಟ್ ರೋಡಿನಲ್ಲಿ ಇಳಿದು, ಹೋಟೆಲಿನ ಹಿಂಬಾಗಿಲಿನಿಂದ ಒಳಗೆ ಹೋದಳು.

ಚೆನ್ನಯ ಕಿಟಕಿಯ ಹೊಗೆಗೆ ಕಣ್ಣು ಕಿರಿದು ಮಾಡಿ ನೋಡಿದ. ತವೆಯ ಮುಂದೆ ವಾರಿಜಾ. ಸೊಂಟಕ್ಕೆ ಸೆರಗು ಸಿಕ್ಕಿಸಿ ಹಿಟ್ಟು ಸುತ್ತುತ್ತಿದ್ದಾಳೆ. ದೋಸೆ ಚಂದ್ರನ ಹಾಗೆ ದುಂಡಗೆ. ಶೆಟ್ಟರು ಪಕ್ಕದಲ್ಲಿ ನಿಂತು ತಲೆ ಆಡಿಸುತ್ತಿದ್ದಾರೆ. ಇವನ ಹಿಡಿಸೂಡಿ ಮಾತ್ರ ಮೊಳೆಯಲ್ಲಿ ಹಾಗೆಯೇ ಇತ್ತು. ಅವಳು ಒದ್ದೆ ಬಟ್ಟೆಯಿಂದ ತವೆ ಒರಸುತ್ತಿದ್ದಳು.

ಅವನು ಒಳಗೆ ನುಗ್ಗಿದ. “ಬದಲಿ ಬೇಡ ಅಂದದ್ದು ಇದಕ್ಕಾ ಧಣಿ? ನನ್ನ ಮನೆಯೊಳಗಿಂದಲೇ ಕಳ್ಳರನ್ನು ಹುಡುಕಿ ತಂದ್ರಲ್ಲ.”

ಶೆಟ್ಟರು ತಡವರಿಸಿದರು. “ಹಾಗಲ್ಲ ಮಾರಾಯ. ಗಂಡನ ಜಾಗಕ್ಕೆ ಹೆಂಡತಿ ಬದಲಿ ಅಂತ ನಿನ್ನ ಮುಖ ನೋಡಿ ಹೇಗೆ ಹೇಳುವುದು? ನಾಚಿಕೆ ಆಯಿತು. ನೀನು ಹುಡುಕುವುದು ಬೇಡ ಅಂದದ್ದು ನಾನು. ಅದು ನಿನಗೆ ಹೀಗೆ ಕೇಳ್ತದೆ ಅಂತ ಹೊಳೆಯಲಿಲ್ಲ.”

ವಾರಿಜಾ ತವೆಯಿಂದ ಕಣ್ಣೆತ್ತಲಿಲ್ಲ. “ನಾನೇ ಕೇಳಿದ್ದು. ಹೊರಗಿನವನಿಗೆ ತವೆ ಕೊಟ್ರೆ ಅವ ಇಳೀತಾನಾ ಇಲ್ವಾ ಅಂತ ನೀವು ಕರ್ಜತ್‌ನಲ್ಲಿ ಕೂತು ಯೋಚನೆ ಮಾಡ್ತೀರಿ. ವಾರಕ್ಕೇ ಓಡಿ ಬರ್ತೀರಿ. ನಿಮ್ಮ ಗುಣ ನನಗೆ ಗೊತ್ತಿಲ್ವಾ?”

“ದೋಸೆ ಹುಯ್ಯಲಿಕ್ಕೆ ಯಾರು ಕಲಿಸಿದ್ದು?”

“ನೀವೇ. ಕುಡಿದು ಬಂದು ದಿನಾ ಗೋಡೆಗೆ ಪಾಠ ಮಾಡ್ತಿದ್ರಲ್ಲ, ನೀರು ಚಿಮುಕಿಸಬೇಕು, ಒಳಗಿಂದ ಹೊರಗೆ ಸುತ್ತಬೇಕು ಅಂತ. ಗೋಡೆ ಕಲೀಲಿಲ್ಲ, ನಾನು ಕಲಿತೆ.”

ತಟ್ಟೆ ತೊಳೆಯುತ್ತಿದ್ದವರು ನಕ್ಕರು. ಚೆನ್ನಯ ನಗಲಿಲ್ಲ. ಅವನ ಅನುಮಾನಕ್ಕೆ ಬೇರು ಆಳ. “ನೀನೇ ಇಳಿಯದಿದ್ರೆ? ಗಿರಾಕಿ ನಿನ್ನನ್ನೇ ಒಪ್ಪಿಬಿಟ್ರೆ?”

ಆಗ ಅವಳು ಉರಿ ತಗ್ಗಿಸಿ, ಸಟ್ಟುಗವನ್ನು ತೊಳೆದು ಅವನ ಮುಂದೆ ಇಟ್ಟಳು. “ನೀವು ಕೈಗೆ ಇಡದೆ ನಾನು ಬದಲಿ ಅಲ್ಲ. ಇಟ್ರೆ ಇಳಿಯಲೇಬೇಕು, ಕಟ್ಟಳೆ ಉಂಟಲ್ಲ. ಇಡುವುದಿಲ್ಲ ಅಂದ್ರೆ ನಾನು ಇವತ್ತೇ ಮನೆಗೆ ಹೋಗ್ತೇನೆ. ತವೆಯ ಮುಂದೆ ನೀವೇ ನಿಲ್ಲಿ, ಆ ನಡುಗುವ ಕೈಯಲ್ಲಿ.”

ಚೆನ್ನಯ ಸಟ್ಟುಗ ಎತ್ತಿದ. ಅದು ಅವನ ಕೈಯಲ್ಲಿ ನಿಲ್ಲದೆ ತವೆಯ ಅಂಚಿಗೆ ಬಡಿದು ಕಟಕಟ ಎಂದಿತು. ಆ ಸದ್ದು ಅಡುಗೆಮನೆಯೆಲ್ಲ ಕೇಳಿತು. ಇನ್ನು ಅನುಮಾನಿಸಲಿಕ್ಕೆ ಉಳಿದದ್ದು ತನ್ನ ಕೈಯೊಂದೇ ಎಂದು ಅವನಿಗೆ ಆಗ ಕಂಡಿತೋ ಏನೋ.

“ಮಗಳಿಗೆ ಹೇಳು, ಹೂಂ ಅಂತ,” ಅಂದ.

ಸೋಮವಾರ ಬೆಳಿಗ್ಗೆ ದೇವರ ಪಟದ ಕೆಳಗೆ ಅವನು ಸಟ್ಟುಗವನ್ನು ವಾರಿಜಾಳ ಕೈಗೆ ಇಟ್ಟ. ಶೆಟ್ಟರು ಊದುಬತ್ತಿ ಹಚ್ಚಿದರು. ಆದರೆ ಹೊರಡುವಾಗ ಚೆನ್ನಯ ಮೊಳೆಯಿಂದ ಹಿಡಿಸೂಡಿಯನ್ನು ಕಳಚಿ ತನ್ನ ಚೀಲಕ್ಕೆ ತುರುಕಿದ. ತವೆಯ ಅರ್ಧ ಹಕ್ಕಾದರೂ ತನ್ನ ಹತ್ತಿರ ಇರಲಿ ಎಂದಿರಬೇಕು.

ವಾರಿಜಾ ಚೀಲವನ್ನು ಹಿಡಿದು ನಿಲ್ಲಿಸಿದಳು. “ಅದರ ಕಟ್ಟಿನೊಳಗೆ ಎಂತದಾದ್ರೂ ಉಂಟಾ? ಸಾರಾಯಿ ಪುಡಿಕೆ ಗಿಡಿಕೆ?”

“ಇಷ್ಟೂ ನಂಬಿಕೆ ಇಲ್ವಾ ನನ್ನ ಮೇಲೆ?”

“ಲೋಕಲ್‌ನಲ್ಲಿ ಹಿಂದೆ ಹಿಂದೆ ಬಂದ್ರಲ್ಲ, ಆಗ ನಿಮಗಿತ್ತಾ? ದಾದರ್ ಸೇತುವೆಯಲ್ಲೇ ನೋಡಿದೆ ನಾನು.”

ಚೆನ್ನಯ ಹಿಡಿಸೂಡಿಯನ್ನು ಹೊರತೆಗೆದ. ಸುಟ್ಟ ಕೈಯಿಂದ ದಾರದ ಗಂಟು ಬಿಚ್ಚಲು ಹೊತ್ತು ಹಿಡಿಯಿತು. ಯಾರೂ ಸಹಾಯಕ್ಕೆ ಬರಲಿಲ್ಲ, ಅವನೂ ಕೇಳಲಿಲ್ಲ. ಬಿಚ್ಚಿ, ಕಡ್ಡಿಗಳನ್ನೆಲ್ಲ ಕಟ್ಟೆಯ ಮೇಲೆ ಹರಡಿದ. ತೆಂಗಿನ ಕಡ್ಡಿ, ಕರಕಲು ಹಿಟ್ಟಿನ ಚೂರು, ಮತ್ತೇನೂ ಇಲ್ಲ.

ಅವಳು ಒಂದೊಂದನ್ನೂ ಬೆರಳಿನಿಂದ ಸರಿಸಿ ನೋಡಿದಳು. ಆಮೇಲೆ ಕಡ್ಡಿಗಳನ್ನು ಒಟ್ಟುಮಾಡಿ, ಬುಡ ಕುಟ್ಟಿ ಸಮಮಾಡಿ, ಅವನು ಕಟ್ಟುತ್ತಿದ್ದುದಕ್ಕಿಂತ ಬಿಗಿಯಾಗಿ ಕಟ್ಟಿ ಅವನ ಚೀಲಕ್ಕೆ ಹಾಕಿದಳು.