ಅಮ್ಮನಿಗಾಗಿ ನಿಲ್ಲಿಸಿದ ಚಿತ್ರ

ಊರಲ್ಲಿ ರೀಲು ಬಿಡುವವರಿಗೇನೂ ಬರಗಾಲವಿಲ್ಲ. ಆದರೆ ರೀಲು ಬಿಟ್ಟೇ ಹೊಟ್ಟೆ ಹೊರೆದವನು ಇವನೊಬ್ಬನೇ ಎಂದು ಬೀದಿಯವರು ಹಾಸ್ಯ ಮಾಡುತ್ತಿದ್ದರು. ಅವನು ಸಿನಿಮಾ ಆಪರೇಟರ್. ಅಮ್ಮನೊಬ್ಬಳನ್ನು ಬಿಟ್ಟರೆ ಮಿಕ್ಕವರೆಲ್ಲರ ಬಾಯಲ್ಲೂ ಅದೇ ಅವನ ಹೆಸರು. ಟಾಕೀಸಿನ ಮೇಲಿನ ಗೂಡಿನಂಥ ಕೋಣೆಯಲ್ಲಿ ಯೌವನ ಕಳೆದ. ಟಾಕೀಸು ಮುಚ್ಚಿ ಅಲ್ಲಿ ಟೈಲ್ಸ್ ಅಂಗಡಿ ಬಂದಮೇಲೆ ಶಾಲೆಯವರು, ಸಂಘದವರು ಕರೆದಾಗ ಸಣ್ಣ ಪ್ರೊಜೆಕ್ಟರ್ ಹೊತ್ತುಕೊಂಡು ಹೋಗುವ ಕೆಲಸ ಉಳಿಯಿತು. ಮದುವೆಯಾಗಲಿಲ್ಲ. ಊರೆಲ್ಲ ಮನೆ ಸೇರುವ ಹೊತ್ತಿಗೆ ನನ್ನ ಕೆಲಸ ಶುರುವಾಗುತ್ತದೆ, ಯಾವ ಹೆಣ್ಣು ಒಪ್ಪುತ್ತಾಳೆ ಅನ್ನುತ್ತಿದ್ದ. ಯಾವ ಹೆಣ್ಣನ್ನೂ ಅವನು ಕೇಳಿಯೇ ಇರಲಿಲ್ಲ ಅನ್ನುವುದು ಬೇರೆ ಮಾತು.

ಮನೆಯ ಮುಂದಿನ ಕೋಣೆಯೇ ಅಮ್ಮ ಬಟ್ಟೆ ಒಗೆದು ಇಸ್ತ್ರಿ ಮಾಡುವ ಅಂಗಡಿ. ಗಂಡ ಬೇಗ ತೀರಿಕೊಂಡಿದ್ದ. ಇಬ್ಬರು ಗಂಡುಮಕ್ಕಳನ್ನು ಅವಳು ಸಾಕಿದ್ದು ಊರವರ ಬಿಳಿ ಬಟ್ಟೆಯಿಂದ. ಆಸ್ಪತ್ರೆಯ ಕೋಟು, ಕೋರ್ಟಿನ ಅಂಗಿ, ಹೋಟೆಲಿನ ಮೇಜಿನ ಬಟ್ಟೆ, ಯಾವುದೇ ಬರಲಿ, ಅವಳ ಕೈಯಿಂದ ಹೊರಗೆ ಹೋಗುವಾಗ ಹಾಲಿನಂತಿರುತ್ತಿತ್ತು. ಅಂಥವಳ ಹೊಟ್ಟೆಯಲ್ಲಿ ಹುಟ್ಟಿದ ದೊಡ್ಡ ಮಗನಿಗೆ ಹಿಡಿದದ್ದು ಎಂಜಿನ್ ಹುಚ್ಚು. ಗ್ಯಾರೇಜು ಸೇರಿದ. ಉಗುರಿನ ಸಂದಿಯಲ್ಲಿ ಗ್ರೀಸು, ಅಂಗಿ ತುಂಬ ಮಸಿ. ಒಂದು ದಿನ ಹಾಗೇ ಬಂದವನು ಇಸ್ತ್ರಿ ಮಾಡಿಟ್ಟ ಕೋಟುಗಳ ಮೇಲೆ ಕೈಯೂರಿ, ಹೊಸದಾಗಿ ಬಂದ ಯಾವುದೋ ಕಾರಿನ ವರ್ಣನೆ ಶುರುಮಾಡಿದ. ಅಮ್ಮನಿಗೆ ಸಿಟ್ಟು ನೆತ್ತಿಗೇರಿತು.

"ಈ ಮಸಿ ಬಟ್ಟೇಲಿ ಇನ್ನೊಂದು ಸಲ ನನ್ನ ಹೊಸ್ತಿಲು ತುಳೀಬೇಡ" ಅಂದಳು.

ತಾಯಂದಿರು ಆಡಿ ಮರೆಯುವ ಮಾತು ಅದು. ಸಾಯಂಕಾಲ ತಟ್ಟೆ ಇಟ್ಟರೆ ಎಲ್ಲ ಸರಿಹೋಗುತ್ತಿತ್ತು. ಆದರೆ ದೊಡ್ಡವನ ಹಟವೂ ತಾಯಿಯ ಹಟದ ಬಳುವಳಿಯೇ ತಾನೇ! ಹಗಲು ರಾತ್ರಿ ಎಡೆಬಿಡದೆ ಕಾರು ಓಡಿಸುವ ಪಂದ್ಯಗಳಿಗೆ ಹೋಗುವ ತಂಡವೊಂದಕ್ಕೆ ಚಕ್ರ ಬದಲಿಸುವ ಆಳು ಬೇಕಾಗಿತ್ತು. ಅದೇ ವಾರ ಅವರ ಜೊತೆ ದೇಶದ ಗಡಿ ದಾಟಿದ. ಎರಡೋ ಮೂರೋ ಪಂದ್ಯ ಆಗಿರಬೇಕು. ಮುಂದಿನ ಊರಿಗೆ ಹೋಗುವ ದಾರಿಯಲ್ಲಿ ತಂಡದ ವ್ಯಾನು ಉರುಳಿತು. ಮನೆಗೆ ಸುದ್ದಿ ಮುಟ್ಟುವ ಹೊತ್ತಿಗೆ ಅಲ್ಲಿ ಮಣ್ಣೂ ಆಗಿಹೋಗಿತ್ತು. ಹೆತ್ತವಳಿಗೆ ಕೊನೆಗೊಮ್ಮೆ ಮುಖ ನೋಡುವ ಭಾಗ್ಯವೂ ಸಿಗಲಿಲ್ಲ. ಮನೆಯಲ್ಲಿದ್ದದ್ದು ಅವನ ಶಾಲೆಯ ಗುಂಪು ಫೋಟೋ ಒಂದೇ. ಅದರಲ್ಲಿ ಅವನ ಮುಖ ಅಕ್ಕಿಕಾಳಿನಷ್ಟು. ಅಂದಿನಿಂದ ಯಾರಾದರೂ ಕಾರಿನ ಮಾತೆತ್ತಿದರೆ ಅಮ್ಮ ಇಸ್ತ್ರಿಪೆಟ್ಟಿಗೆಯನ್ನು ಮೇಜಿನ ಮೇಲೆ ಕುಕ್ಕುತ್ತಿದ್ದಳು.

ಆಪರೇಟರನಿಗೆ ಅಣ್ಣ ಮತ್ತೆ ಸಿಕ್ಕಿದ್ದು ಹಳೇ ಕಾರುಗಳ ಸಂಘದ ಸಭಾಂಗಣದಲ್ಲಿ. ಸಂಘ ಅಂದರೆ ಇನ್ನೇನಲ್ಲ, ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚಾದ ಕಾರುಗಳನ್ನು ಉಜ್ಜಿ ಉಜ್ಜಿ ಹೊಳೆಯಿಸುವ ಒಂದಿಷ್ಟು ಗಂಡಸರ ಕೂಟ. ಅದರ ಕಾರ್ಯದರ್ಶಿ ಕನ್ನಡಕದ ಅಂಗಡಿಯವರು. ಎಲ್ಲೋ ಬಾಗಿಲು ಹಾಕುತ್ತಿದ್ದ ವಿತರಕರ ಕಚೇರಿಯಿಂದ ಅವರು ಒಂದು ಹಳೆಯ ಸಾಕ್ಷ್ಯಚಿತ್ರದ ರೀಲುಗಳನ್ನು ತಂದಿದ್ದರು. ಹಗಲು ರಾತ್ರಿಯ ಕಾರು ಪಂದ್ಯವೊಂದನ್ನು ಮೊದಲಿಂದ ಕೊನೆಯವರೆಗೆ ಕೂತು ತೆಗೆದ ಚಿತ್ರ. ಬಲ್ಲವರು ಅದನ್ನು ಮೇರುಕೃತಿ ಅನ್ನುತ್ತಿದ್ದರು. ಮೊದಲ ಪ್ರದರ್ಶನದ ದಿನ ಇವನು ಯಂತ್ರದ ಪಕ್ಕ ಸ್ಟೂಲಿನ ಮೇಲೆ ಕೂತು ಆಕಳಿಸುತ್ತಿದ್ದ. ತೆರೆಯ ಮೇಲೆ ಕಾರೊಂದು ಚಕ್ರ ಬದಲಿಸಲು ಬಂದು ನಿಂತಿತು. ಚಾಲಕ ಇಳಿದು ಪಕ್ಕಕ್ಕೆ ಸರಿದು ನಿಂತ, ಮೈಗೆ ಅಂಟಿದ ಬಿಳಿ ಉಡುಪು, ಕತ್ತಿನಲ್ಲಿ ಕನ್ನಡಕ. ಹಿಂಚಕ್ರದ ಬಳಿ ಒಬ್ಬ ಮಂಡಿಯೂರಿ, ನಡುವಿನ ದೊಡ್ಡ ನಟ್ಟನ್ನು ಸುತ್ತಿಗೆಯಿಂದ ಹೊಡೆದು ಸಡಿಲಿಸುತ್ತಿದ್ದ. ಹೊಡೆದು ಮುಗಿಸಿ ತಲೆಯೆತ್ತಿದ, ಯಾರದೋ ಮಾತಿಗೆ ಹಲ್ಲು ಕಿರಿದು ನಕ್ಕ, ಮತ್ತೆ ಬಗ್ಗಿದ. ಮುಖ, ಬಟ್ಟೆ ಎಲ್ಲ ಮಸಿ. ಆದರೂ ಆ ನಗು ಯಾರದೆಂದು ತಮ್ಮನಿಗೆ ಬೇರೆ ಹೇಳಬೇಕೆ? ಸ್ಟೂಲಿನಿಂದ ಎದ್ದು ನಿಂತವನು ಚಿತ್ರ ಮುಗಿಯುವ ತನಕ ಕೂರಲಿಲ್ಲ.

ಅಲ್ಲಿಂದ ವರ್ಷಕ್ಕೊಮ್ಮೆಯೋ ಎರಡು ಸಲವೋ ಸಂಘ ಆ ಚಿತ್ರ ಹಾಕಿಸುತ್ತಿತ್ತು. ಸದಸ್ಯರು ಬರುವುದು ಕಾರುಗಳಿಗಾಗಿ. ಇದರ ಎಂಜಿನ್ ಅಂಥದ್ದು, ಅದರ ಗೇರು ಇಂಥದ್ದು ಎಂದು ಕಿತ್ತಾಡಿ ಟೀ ಕುಡಿದು ಹೋಗುತ್ತಿದ್ದರು. ಅವನು ಅಣ್ಣನಿಗಾಗಿ ಕಾಯುತ್ತ ಕಾಯುತ್ತ ಇಡೀ ಚಿತ್ರಕ್ಕೇ ಮನಸೋತ. ಬದುಕಿಡೀ ಬೇರೆಯವರ ಸಿನಿಮಾ ಓಡಿಸಿದವನು ನಿಜವಾಗಿ ನೋಡಿದ್ದು ಇದೊಂದನ್ನೇ. ಇದರಲ್ಲಿ ಕ್ಯಾಮರಾ ಎಲ್ಲರಿಗಿಂತ ಮುಂದಿರುವ ಕಾರಿನ ಬೆನ್ನು ಹತ್ತುವುದಿಲ್ಲ. ಒಂದು ತಿರುವಿನಲ್ಲಿ ಸುಮ್ಮನೆ ನಿಂತುಕೊಳ್ಳುತ್ತದೆ. ಮೊದಲು ಸದ್ದು ಬರುತ್ತದೆ, ಆಮೇಲೆ ದೀಪ, ಆಮೇಲೆ ಉದ್ದ ಮೂತಿಯ ಕಾರು ಒಮ್ಮೆ ಕಾಣಿಸಿ ಹೋಗುತ್ತದೆ. ಅದು ಹೋದಮೇಲೂ ಕ್ಯಾಮರಾ ಕದಲದೆ ಖಾಲಿ ರಸ್ತೆಯನ್ನೇ ನೋಡುತ್ತಿರುತ್ತದೆ. ಹಿನ್ನೆಲೆಯಲ್ಲಿ ಪಿಟೀಲು ಕುಯ್ಯುವುದಿಲ್ಲ, ವಿವರಣೆ ಕೊಡುವವನಿಗೂ ಬಾಯಿ ಕಡಿಮೆ. ಕೈಗಡಿಯಾರ ಹಿಡಿದೇ ಮಡಿಸುವ ಕುರ್ಚಿಯಲ್ಲಿ ನಿದ್ದೆಹೋದ ಹೆಂಗಸನ್ನು ತೋರಿಸುತ್ತದೆ. ಎಂಜಿನ್ ಕೆಟ್ಟ ಕಾರನ್ನು ಒಬ್ಬನೇ ತಳ್ಳಿಕೊಂಡು ಬರುವ ಚಾಲಕನನ್ನು ಅವನ ಬೆನ್ನು ನೋವು ನಮಗೇ ಬರುವಷ್ಟು ಹೊತ್ತು ತೋರಿಸುತ್ತದೆ. ಬೆಳಗಿನ ಮಂಜಿನಲ್ಲಿ ಉಳಿದ ಕಾರುಗಳು, ಕೆಮ್ಮುವ ಮುದುಕರ ಹಾಗೆ, ಒಂದೊಂದಾಗಿ ಬರುತ್ತವೆ.

"ಗೆದ್ದೋನನ್ನ ತೋರಿಸೋಕೆ ಯಾರಿಗ್ ಬರಲ್ಲ ಹೇಳಿ ಸಾರ್? ಇವನು ಕಾಯೋರನ್ನ ತೋರಿಸ್ತಾನೆ" ಎಂದು ಒಮ್ಮೆ ಕಾರ್ಯದರ್ಶಿಗಳಿಗೆ ಹೇಳಿದ. ಅವರು ಹೌದು ಹೌದು ಅಂದು, ಮೂರನೇ ಸ್ಥಾನಕ್ಕೆ ಬಂದ ಕಾರಿನ ಕಾರ್ಬ್ಯುರೇಟರಿನ ಕಥೆ ತೆಗೆದರು.

ಜನ ಹೋದಮೇಲೆ ಬಾಗಿಲು ಮುಂದೆ ಮಾಡಿ, ಆ ಜಾಗಕ್ಕೆ ರೀಲು ತಿರುಗಿಸಿ ಅಣ್ಣನನ್ನು ಮತ್ತೊಮ್ಮೆ ನೋಡುವುದು ಅವನಿಗೆ ಚಟವಾಯಿತು. ಒಂದು ಸಲ ನೋಡಿದರೆ ತೃಪ್ತಿಯಿಲ್ಲ, ಇನ್ನೊಂದು ಸಲ ಬೇಕು. ಫಿಲಂ ಅನ್ನುವುದು ನೋಡಿದಷ್ಟೂ ಸವೆಯುವ ವಸ್ತು. ಯಂತ್ರದ ಹಲ್ಲು ಸಿಕ್ಕಿಸಿಕೊಳ್ಳುವ ಅಂಚಿನ ತೂತುಗಳು ಅಗಲವಾಗುತ್ತವೆ, ಹರಿಯುತ್ತವೆ. ಹರಿದಾಗ ಚಿತ್ರದ ಒಂದೆರಡು ಚೌಕ ಕತ್ತರಿಸಿ ಬಿಸಾಕಿ ಅಂಟಿಸಬೇಕು. ಉಳಿದ ಚಿತ್ರವೆಲ್ಲ ಗಟ್ಟಿಯಾಗಿದ್ದು ಅಣ್ಣನ ಜಾಗ ಮಾತ್ರ ಅಂಟುಗಳಿಂದ ತುಂಬಿತು. ಇದನ್ನು ವೀಡಿಯೋಗೆ ಇಳಿಸಿಕೊಳ್ಳೋಣ ಎಂದು ಅವನು ಕಾರ್ಯದರ್ಶಿಗಳ ಬೆನ್ನು ಹತ್ತಿದ್ದ. ನಾಳೆ ನೋಡೋಣ ಅನ್ನುತ್ತಿದ್ದರು. ನಾಳೆ ಎಂದವನ ಮನೆ ಹಾಳು ಎಂದು ಹಿರಿಯರು ಹೇಳಿದ್ದಾರೆ, ಆದರೆ ಇಲ್ಲಿ ಹಾಳಾದದ್ದು ನಾಳೆ ಎಂದವರ ಮನೆಯಲ್ಲ.

ಅಮ್ಮನಿಗೆ ಅವನು ವಿಷಯ ಹೇಳಿದ್ದ. ಅವಳು ಕೇಳಿಸಿಕೊಂಡು ಇಸ್ತ್ರಿಪೆಟ್ಟಿಗೆ ಕುಕ್ಕಿದಳು ಅಷ್ಟೆ. ನನ್ನ ಮಗನನ್ನು ತಿಂದ ಕಾರುಗಳ ಮೆರವಣಿಗೆ ನಾನು ನೋಡಬೇಕಾ ಅಂದಳು. ವರ್ಷಗಳು ಹೋದವು. ಅವಳ ಕಣ್ಣು ಮಂಜಾಗುತ್ತ ಬಂತು. ಕಣ್ಣಿನ ನರವೇ ಒಣಗಿದೆ, ಆಪರೇಷನ್ನಿನಿಂದ ಆಗುವುದಿಲ್ಲ, ಇರುವಷ್ಟು ದಿನ ಇರುತ್ತದೆ ಎಂದು ಡಾಕ್ಟರು ಹೇಳಿಬಿಟ್ಟರು. ಬಿಳಿ ಅಂಗಿಯ ಮೇಲೆ ಕಲೆ ಉಳಿದಿದೆ ಎಂದು ಗಿರಾಕಿಯೊಬ್ಬರು ವಾಪಸು ತಂದ ದಿನ ಅವಳು ಅಂಗಡಿಯ ಬಾಗಿಲು ಹಾಕಿದಳು. ಆಮೇಲೆ ಒಂದು ಬೆಳಿಗ್ಗೆ, ಮಗ ಹಲ್ಲುಜ್ಜುತ್ತಿರುವಾಗ, ಹಿತ್ತಲ ಬಾಗಿಲಿಗೆ ಬಂದು ನಿಂತಳು.

"ಆ ಸಿನಿಮಾದಲ್ಲಿ ಅವನಿದಾನೆ ಅಂತಿದ್ದೆಯಲ್ಲ. ತೋರಿಸ್ತೀಯೇನೋ? ಕಣ್ಣು ಪೂರ್ತಿ ಹೋಗೋದ್ರೊಳಗೆ ಒಂದು ಸಲ ನೋಡ್ಬೇಕು."

ಅವನು ಬಾಯಿ ತೊಳೆಯುವುದನ್ನೂ ಮರೆತ. ಆ ದಿನವೇ ಕಾರ್ಯದರ್ಶಿಗಳಿಂದ ಸಭಾಂಗಣದ ಕೀಲಿ ತಂದ. ಮಾರನೆಯ ದಿನ ಮಧ್ಯಾಹ್ನ, ಕಪ್ಪು ಪರದೆಗಳನ್ನೆಲ್ಲ ಎಳೆದು, ಅಮ್ಮನನ್ನು ತೆರೆಯ ಮುಂದೆಯೇ ಒಂದು ಕುರ್ಚಿ ಹಾಕಿ ಕೂರಿಸಿದ. ಅವಳು ಮದುವೆಮನೆಗೆ ಹೊರಟವಳ ಹಾಗೆ ಒಳ್ಳೆಯ ಸೀರೆ ಉಟ್ಟು ಬಂದಿದ್ದಳು. ಚಿತ್ರ ಓಡಿತು. ಅಣ್ಣನ ಜಾಗ ಬಂದು ಹೋಯಿತು. ಎಲ್ಲೋ, ಎಲ್ಲಿ, ಕಾಣಲಿಲ್ಲವಲ್ಲ ಅಂದಳು ಅಮ್ಮ. ಅವನು ಹಿಂದೆ ತಿರುಗಿಸಿ ಮತ್ತೆ ಹಾಕಿದ. ಕಾರು ನಿಲ್ಲುತ್ತಲ್ಲ, ಅದರ ಪಕ್ಕದಲ್ಲೇ ಇದ್ದಾನೆ ನೋಡಮ್ಮ ಎಂದು ಹಿಂದಿನಿಂದ ಕೂಗಿ ಹೇಳಿದ. ಮಸಿ ಬಟ್ಟೆಯವನನ್ನು ನೋಡು ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಅಮ್ಮನ ಎದುರಿಗೆ ಮಸಿ ಬಟ್ಟೆ ಎಂಬ ಮಾತು ಅವನ ನಾಲಿಗೆಗೆ ಬರಲಿಲ್ಲ. ಆ ಮಾತು ಆ ಮನೆಯಲ್ಲಿ ಅಂದಿನಿಂದ ಯಾರೂ ಆಡಿರಲಿಲ್ಲ.

ಇನ್ನೊಮ್ಮೆ ಹಾಕಿದ. ಮಂಜುಗಣ್ಣಿಗೆ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಹೋಗುವ ಮುಖ ಹೇಗೆ ಸಿಗಬೇಕು? ಅಮ್ಮ ಕುರ್ಚಿಯ ಅಂಚಿಗೆ ಬಂದು ಕೂತಿದ್ದಳು.

"ಒಂದು ಗಳಿಗೆ ನಿಲ್ಲಿಸೋ ಮಗಾ. ಕಣ್ತುಂಬ ನೋಡ್ಕೋತೀನಿ."

ಆ ಯಂತ್ರವನ್ನು ನಿಲ್ಲಿಸಬಹುದು. ನಿಲ್ಲಿಸಿದೊಡನೆ ದೀಪಕ್ಕೂ ಫಿಲಮ್ಮಿಗೂ ನಡುವೆ ಒಂದು ಜಾಲರಿ ತಗಡು ತಾನಾಗಿ ಬೀಳುತ್ತದೆ. ಅದಿಲ್ಲದಿದ್ದರೆ ನಿಂತ ಫಿಲಂ ದೀಪದ ಶಾಖಕ್ಕೆ ಕರಗುತ್ತದೆ. ಕೆಲಸಕ್ಕೆ ಸೇರಿದ ದಿನ ಆಪರೇಟರನಿಗೆ ಕಲಿಸುವ ಮೊದಲ ಪಾಠವೇ ಇದು. ಅಣ್ಣ ತಲೆಯೆತ್ತಿ ನಕ್ಕ ಕಡೆ ಅವನು ನಿಲ್ಲಿಸಿದ. ತಗಡು ಬಿತ್ತು, ತೆರೆ ಮಬ್ಬಾಯಿತು. ಇನ್ನೂ ಕತ್ತಲಾಯ್ತಲ್ಲೋ ಅಂದಳು ಅಮ್ಮ. ಆ ದನಿ ಕೇಳಲಾಗಲಿಲ್ಲ ಅವನಿಗೆ. ಕಲಿತದ್ದೆಲ್ಲ ಗೊತ್ತಿದ್ದೂ, ಒಂದೇ ಒಂದು ಉಸಿರು ಎಂದುಕೊಂಡು, ಬೆರಳಿನಿಂದ ತಗಡನ್ನು ಮೇಲಕ್ಕೆತ್ತಿ ಹಿಡಿದ.

ತೆರೆಯ ತುಂಬ ಬೆಳಕು. ಅಣ್ಣ ನಗುತ್ತಿದ್ದ, ನಿಜವಾದ ಆಳಿನಷ್ಟು ದೊಡ್ಡದಾಗಿ, ಅಲುಗದೆ. ಅಮ್ಮನ ಬಾಯಿಂದ ಒಂದು ಸದ್ದು ಬಂತು. ಅದನ್ನು ಕೇಳಿ ಅವನಿಗೂ ಕಣ್ಣು ತುಂಬಿತು, ಬೆರಳು ಇಳಿಸುವುದು ತಡವಾಯಿತು. ತೆರೆಯ ನಟ್ಟನಡುವೆ ಕಂದು ಚುಕ್ಕೆಯೊಂದು ಎದ್ದು, ಗುಳ್ಳೆಯಾಗಿ, ಅಣ್ಣನ ಮುಖವನ್ನು ನುಂಗಿತು. ಗಾಬರಿಯಲ್ಲಿ ಅವನು ಯಂತ್ರ ಚಾಲೂ ಮಾಡಿದ. ಅದು ಇನ್ನೊಂದು ತಪ್ಪು. ಮೆತ್ತಗಾದ ಫಿಲಂ ಹಳೆಯ ಅಂಟುಗಳ ಕಡೆಯೆಲ್ಲ ಪಟಪಟನೆ ಹರಿದು, ಹಲ್ಲುಚಕ್ರಕ್ಕೆ ಸಿಕ್ಕಿ, ಮುದ್ದೆಯಾಗಿ ನಿಂತಿತು. ಸ್ವಿಚ್ಚು ಆರಿಸಿದ. ಸುಟ್ಟ ವಾಸನೆ ಸಭಾಂಗಣದಲ್ಲೆಲ್ಲ ಹಬ್ಬಿತು.

ಅವನು ಪರದೆ ಸರಿಸಿ, ಮುದ್ದೆಯನ್ನು ಬಿಡಿಸಿ ಕಿಟಕಿಯ ಬಿಸಿಲಿಗೆ ಹಿಡಿದು ನೋಡಿದ. ಚಕ್ರದ ಬಳಿ ಮಂಡಿಯೂರಿದವನು ಯಾವ ಚೌಕದಲ್ಲೂ ಉಳಿದಿರಲಿಲ್ಲ. ಎಷ್ಟು ವರ್ಷ ಒಬ್ಬನೇ ಕದ್ದು ಕದ್ದು ನೋಡಿದ್ದನೋ ಅಷ್ಟೂ ಹೋಗಿತ್ತು. ಅಣ್ಣ ಎರಡನೇ ಸಲ ಸತ್ತಿದ್ದ, ಈ ಸಲ ತಮ್ಮನ ಕೈಯಲ್ಲೇ. ಆದರೂ ಅಮ್ಮ ನೋಡಿದಳಲ್ಲ, ಅವಳಿಗೆ ಸಿಕ್ಕಿತಲ್ಲ, ಅಷ್ಟು ಸಾಕು ಎಂದುಕೊಂಡು ಕಣ್ಣೊರೆಸಿಕೊಂಡು ಅವಳ ಹತ್ತಿರ ಬಂದ. ಫಿಲಂ ಸುಟ್ಟುಹೋಯಿತು, ಇನ್ನು ತೋರಿಸಲಾಗುವುದಿಲ್ಲ ಅಂದ.

ಅಮ್ಮ ಅಳುತ್ತಿದ್ದಳು, ನಗುತ್ತಲೂ ಇದ್ದಳು. ಅವನ ಕೈ ಹುಡುಕಿ ಹಿಡಿದುಕೊಂಡಳು.

"ಹೋದ್ರೆ ಹೋಗ್ಲಿ ಬಿಡೋ, ನಾನು ನೋಡಿದ್ನಲ್ಲ. ಎಷ್ಟು ನೆಟ್ಟಗೆ ನಿಂತಿದ್ದ! ಬಟ್ಟೆ ನೋಡಿದ್ಯಾ, ಎಷ್ಟು ಬೆಳ್ಳಗೆ... ಅವತ್ತು ನಾನು ಅಂದಿದ್ದನ್ನ ಮನಸ್ಸಿಗೆ ಹಾಕ್ಕೊಂಡಿದಾನೆ ಕಣೋ. ಬಿಳಿ ಬಟ್ಟೆ ಹಾಕ್ಕೊಂಡು ಮನೆಗೆ ಬರೋನೇ ಇದ್ದ. ಬಿಳಿ ಬಟ್ಟೆಯವನೇ ತಾನೇ ಅವನು?"

ಅದೇ ಚೌಕದಲ್ಲಿ ಕಾರಿನ ಪಕ್ಕ ಸರಿದು ನಿಂತ ಆ ಚಾಲಕ! ಹೆಸರೂ ಗೊತ್ತಿಲ್ಲದ ಯಾರೋ ಪರದೇಶಿ. ಅಮ್ಮನ ಕಣ್ಣು ಬೆಳ್ಳಗಿದ್ದುದನ್ನು ಹುಡುಕಿಕೊಂಡು ಹೋಗಿ ಅವನ ಮೇಲೆ ನಿಂತಿತ್ತು. ತೋರಿಸಿ ತಿದ್ದೋಣವೆಂದರೆ ಇನ್ನು ತೋರಿಸುವುದಕ್ಕೆ ಏನಿದೆ?

"ಅವನೇ ಅಮ್ಮ" ಅಂದ.

ಮನೆಗೆ ಹೋಗುವ ದಾರಿಯಲ್ಲಿ ಅಮ್ಮ ಪ್ರತಿ ಅಂಗಡಿಯ ಮುಂದೆಯೂ ನಿಂತಳು. ದರ್ಜಿಗೆ, ಹಾಲಿನವಳಿಗೆ, ತನ್ನ ಹಳೆಯ ಗಿರಾಕಿಗಳಿಗೆಲ್ಲ, ದೊಡ್ಡ ಮಗನನ್ನು ನೋಡಿ ಬಂದೆ, ಹಾಲಿನಂಥ ಬಟ್ಟೆ ಹಾಕಿಕೊಂಡಿದ್ದ ಎಂದು ಹೇಳಿದಳು. ಅವರು ಹೌದೇನಪ್ಪಾ ಎಂದು ಇವನ ಮುಖ ನೋಡುವರು. ಅಮ್ಮನ ಮೊಣಕೈ ಹಿಡಿದುಕೊಂಡಿದ್ದ ಅವನು ಒಂದೊಂದು ಅಂಗಡಿಯ ಮುಂದೆಯೂ ಹೌದು ಅಂದ.