ನಿಮ್ಮ ಭೂಮಿ, ನಮ್ಮ ಅವಸರ

ಜನವರಿಯ ಮೊದಲ ಭಾನುವಾರ, ಬೆಳಿಗ್ಗೆ ಹತ್ತರ ಸುಮಾರಿಗೆ, ವಯನಾಡಿನ ಚೇಕಾಡಿಯ ಶುಂಠಿ ಬೆಳೆಗಾರ ವೇಲಾಯುಧನ್ ಅವರ ಭತ್ತದ ಕಣದಲ್ಲಿ ಕುಳಿತು ಹಾಲಿಲ್ಲದ ಚಹಾ ಕುಡಿಯುತ್ತಿದ್ದಾಗ, ಹನ್ನೊಂದು ವರ್ಷದಿಂದ ಮಾಡಿಕೊಂಡು ಬಂದ ಕೆಲಸ ತನ್ನ ಕೈತಪ್ಪಿ ಹೋಗಬಹುದೆಂಬುದು ಸಿದ್ದೇಶನಿಗೆ ಮೊದಲ ಬಾರಿ ತಿಳಿಯಿತು.

ವೇಲಾಯುಧನ್ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಮೊಬೈಲನ್ನು ಅವನತ್ತ ತಿರುಗಿಸಿ ಒಂದು ವಿಡಿಯೊ ತೋರಿಸಿದರು. ಅದರಲ್ಲಿ ಕಾಟ್ಟಿಕುಳದ ವಿನೋದ್ ಕಪ್ಪು ಕನ್ನಡಕ ಹಾಕಿಕೊಂಡು ಶುಂಠಿ ಪಾತಿಗಳ ನಡುವೆ ನಡೆದು ಬರುತ್ತಿದ್ದ. ಸಿದ್ದೇಶನಿಗೆ ನಲವತ್ತೇಳು, ವಿನೋದನಿಗೆ ಇನ್ನೂ ಇಪ್ಪತ್ತೊಂಬತ್ತು. 'ಕರ್ನಾಟಕದಲ್ಲಿ ಭೂಮಿ ಬೇಕೆ? ಒಂದು ಫೋನ್ ಸಾಕು' ಎಂದು ಮಲಯಾಳದ ಅಕ್ಷರಗಳು ಅವನ ತಲೆಯ ಮೇಲೆ ಹಾರಾಡಿದವು.

"ಎಡಾ ಸಿದ್ದೇಶೇ, ಫೋನಿನಲ್ಲಿ ನೀನು ಎಲ್ಲಿದ್ದೀಯ?" ಎಂದು ವೇಲಾಯುಧನ್ ಮಲಯಾಳದಲ್ಲಿ ಕೇಳಿದರು. "ನಿನ್ನ ಹೆಸರು ಹೊಡೆದರೆ ಮೈಸೂರಿನ ಯಾವನೋ ಹಲ್ಲಿನ ಡಾಕ್ಟರು ಬರ್ತಾನೆ."

"ನಾನು ಇಲ್ಲೇ ಇದ್ದೀನಲ್ಲ, ಏಟ್ಟಾ."

"ಅದು ನನಗೆ ಗೊತ್ತು. ನನ್ನ ನಾಲ್ವರು ಜೊತೆಗಾರರಿಗೂ ಗೊತ್ತಾಗಬೇಕಲ್ಲ. ಅವರೆಲ್ಲ ಹೊಸ ಹುಡುಗರು. ನೀನು ಒಂದು ಮಾತು ಮುಗಿಸೋಷ್ಟರಲ್ಲಿ ಒಂದು ದಿನ ಮುಗೀತದೆ ಅಂತಾರೆ."

ಕೊನೆಗೆ ವಿಷಯ ಇಷ್ಟಕ್ಕೆ ನಿಂತಿತು: ಗಡಿಯಾಚೆ, ಅಂತರಸಂತೆಯ ಬಳಿ, ಮಹದೇವಪ್ಪ ಎಂಬುವರ ಎಂಟು ಎಕರೆ ಭೂಮಿಯ ಮೇಲೆ ಚೇಕಾಡಿಯ ಐವರಿಗೂ ಕಣ್ಣಿದೆ. ಮಹದೇವಪ್ಪನವರ ಒಪ್ಪಿಗೆಯನ್ನು ಜನವರಿ ಇಪ್ಪತ್ತನಾಲ್ಕರೊಳಗೆ ಸಿದ್ದೇಶ್ ತಂದರೆ ಈ ವರ್ಷದ ಕೆಲಸವೂ ಅವನದೇ. ತರದಿದ್ದರೆ ವಿನೋದನದು.

ವಯನಾಡಿನ ಶುಂಠಿ ಬೆಳೆಗಾರರು ಗಡಿ ದಾಟಿ, ಹೆಗ್ಗಡದೇವನಕೋಟೆಯ ಕಡೆ ಭೂಮಿ ಗುತ್ತಿಗೆಗೆ ಹಿಡಿದು ಬೆಳೆ ತೆಗೆಯುವುದು ಬಹಳ ಕಾಲದಿಂದ ನಡೆದು ಬಂದಿದೆ. ಇವರಿಗೆ ಕನ್ನಡ ಬಾರದು, ಭೂಮಿಯ ಒಡೆಯರಿಗೆ ಮಲಯಾಳ ಬಾರದು. ನಡುವೆ ಒಬ್ಬ ಬೇಕು. ಹುಣಸೂರಿನ ಕಡೆಯಿಂದ ಬಂದು ಕಾಟ್ಟಿಕುಳದಲ್ಲಿ ಗೋಣಿಚೀಲದ ಅಂಗಡಿ ಇಟ್ಟಿದ್ದವರ ಮಗ ಸಿದ್ದೇಶ್, ಹಾಗೆ ನಡುವೆ ಕೂರುವವನು. ಓದಿದ್ದು ಬಿ.ಎ. ತನಕ, ಎಲ್ಲವೂ ಮಲಯಾಳದಲ್ಲಿ. ಕನ್ನಡದ ಅಕ್ಷರಗಳನ್ನು ಕಲಿಸಿದವರು ತಾಯಿ, ಗೋಡೆಯ ಪಂಚಾಂಗವನ್ನು ತೋರಿಸಿ.

ಅವನ ಕೆಲಸದ ಕ್ರಮವೇ ಬೇರೆ. ಒಬ್ಬರ ಮಾತನ್ನು ಇನ್ನೊಬ್ಬರ ಭಾಷೆಗೆ ತಂದ ಮೇಲೆ ಅವನು ಮುಂದಕ್ಕೆ ಹೋಗುವುದಿಲ್ಲ. "ಈಗ ನಾನು ಹೇಳಿದ್ದರಲ್ಲಿ ನಿಮಗೇನು ತಿಳಿಯಿತು, ಹೇಳಿ" ಎನ್ನುತ್ತಾನೆ. ಕೇಳಿದವರು ತಮ್ಮ ಮಾತಿನಲ್ಲಿ ತಿರುಗಿ ಹೇಳಬೇಕು. ಅದನ್ನು ಅವನು ಮತ್ತೆ ಮೊದಲಿನವರ ಭಾಷೆಗೆ ತಂದು ಒಪ್ಪಿಸುತ್ತಾನೆ. ಐದು ವರ್ಷದ ಹಿಂದೆ 'ಒಂದು ಬೆಳೆಗೆ' ಎಂದು ಎರಡೂ ಕಡೆಯವರು ತಲೆಯಾಡಿಸಿ ಏಳುವುದರಲ್ಲಿದ್ದರು. ಸಿದ್ದೇಶ್ ಏಳಗೊಡಲಿಲ್ಲ. ತಿರುಗಿ ಹೇಳಿಸಿದಾಗ, ಭೂಮಿಯ ಒಡೆಯನ ಮನಸ್ಸಿನಲ್ಲಿದ್ದದ್ದು ಹತ್ತು ತಿಂಗಳು. ಬೆಳೆಗಾರನ ಮನಸ್ಸಿನಲ್ಲಿದ್ದದ್ದು, ಬೆಲೆ ಬರುವ ತನಕ ಶುಂಠಿಯನ್ನು ನೆಲದಲ್ಲೇ ಬಿಟ್ಟು ಅಗೆಯುವುದು, ಅಂದರೆ ಒಂದೂವರೆ ವರ್ಷ. ಅಂದು ಆ ಕೂಟ ಸಂಜೆಯವರೆಗೆ ನಡೆಯಿತು. ಮುಂದೆ ಯಾವ ಜಗಳವೂ ಆಗಲಿಲ್ಲ. ಆದರೆ ಆಗದೇ ಹೋದ ಜಗಳದ ವಿಡಿಯೊ ತೆಗೆಯುವುದು ಹೇಗೆ?

ಚೇಕಾಡಿಯಿಂದ ಬಂದು ಎರಡು ದಿನ ಅವನು ಮನೆಯಲ್ಲಿ ಏನೂ ಹೇಳಲಿಲ್ಲ. ಮೂರನೆಯ ದಿನ ಹೆಂಡತಿ ಸರಿತಳಿಗೆ ಹೇಳಿದ. ಅಂಗನವಾಡಿಯಲ್ಲಿ ಕಲಿಸುವ ಸರಿತ, ಕೇಣಿಚಿರದಲ್ಲಿ ವ್ಯಾಪಾರಿಗಳಿಗಾಗಿ ಒಂದು ದಿನದ ತರಬೇತಿ ಇರುವ ಸುದ್ದಿಯನ್ನು ವಾಟ್ಸಾಪಿನಲ್ಲಿ ಹುಡುಕಿ ತೆಗೆದಳು. ವಿಷಯ: 'ನಿಮ್ಮ ಹೆಸರೇ ನಿಮ್ಮ ಬ್ರ್ಯಾಂಡ್'.

ಹನ್ನೊಂದರ ಶನಿವಾರ ಸಿದ್ದೇಶ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋದ. ತರಬೇತಿ ಕೊಡುತ್ತಿದ್ದ ಜಯನ್ ಲವಲವಿಕೆಯ ಮನುಷ್ಯ. ತಾವು ಯಾರು ಎಂಬುದನ್ನು ಒಂದೇ ಸಾಲಿನಲ್ಲಿ ಬರೆಯಿರಿ ಎಂದು ಎಲ್ಲರಿಗೂ ಒಂದೊಂದು ಹಾಳೆ ಕೊಟ್ಟರು. ಬೇಕರಿಯವನು ಬರೆದ, ಜೀಪಿನವನು ಬರೆದ. ಸಿದ್ದೇಶ್ ಎರಡೂ ಬದಿ ತುಂಬಿಸಿ ಇನ್ನೊಂದು ಹಾಳೆ ಕೇಳಿದ.

"ಚೇಟ್ಟಾ, ಇದು ಬ್ರ್ಯಾಂಡ್ ಅಲ್ಲ, ಜಮೀನಿನ ಕ್ರಯಪತ್ರ" ಎಂದು ಜಯನ್ ಅಂದಾಗ ಕೋಣೆಯೆಲ್ಲ ನಕ್ಕಿತು.

ಆದರೆ ಜಯನ್ ಆ ದಿನ ಮತ್ತೆ ಮತ್ತೆ ಹೇಳಿದ ಒಂದು ಮಾತು ಸಿದ್ದೇಶನ ಮನಸ್ಸಿಗೆ ಹಿಡಿಸಿತು. ಎದುರಿಗೆ ಬರುವ ಪ್ರತಿಯೊಬ್ಬ ಮನುಷ್ಯನೂ ಒಂದು 'ಅವಸರಂ'. ಮಲಯಾಳದ ಅವಸರಂ ಎಂದರೆ ಒದಗಿ ಬಂದ ಒಳ್ಳೆಯ ಸಂದರ್ಭ. ಕಾಟ್ಟಿಕುಳದ ಕನ್ನಡದ ಮನೆಗಳಲ್ಲೂ ಆ ಮಾತು ಅದೇ ಅರ್ಥದಲ್ಲಿ ಯಾವಾಗಲೋ ಬಂದು ನೆಲೆಸಿಬಿಟ್ಟಿದೆ. ಅಲ್ಲಿ ಯಾರಿಗಾದರೂ ಆತುರವಾದರೆ 'ಅರ್ಜೆಂಟು' ಎನ್ನುತ್ತಾರೆ. ಹಾಗಾಗಿ, ಹಿಂತಿರುಗುವ ಬಸ್ಸಿನಲ್ಲಿ ತನಗೆ ಹೊಳೆದ ಸಾಲನ್ನು ಸಿದ್ದೇಶ್ ಎರಡು ಭಾಷೆಯಲ್ಲೂ ಒಂದೇ ಸಲಕ್ಕೆ ಬರೆದ. ಅನುವಾದದ ಅಗತ್ಯವೇ ಬೀಳಲಿಲ್ಲ ಎಂದು ಅವನಿಗೆ ಸಂತೋಷವೂ ಆಯಿತು.

ಆ ಸಾಲನ್ನು ಹಾಕಿ ಅಚ್ಚಿಗೆ ಕೊಟ್ಟಿದ್ದ ವಿಸಿಟಿಂಗ್ ಕಾರ್ಡುಗಳು ಹದಿನೇಳರ ಶುಕ್ರವಾರ ಬಂದವು. ಒಂದು ಬದಿ ಮಲಯಾಳ, ಇನ್ನೊಂದು ಬದಿ ಕನ್ನಡ, ಎರಡರಲ್ಲೂ ಅವನ ಫೋಟೊ.

"ಈ ಫೋಟೊ ಯಾಕ್ರೀ ಹಿಂಗೆ?" ಎಂದಳು ಸರಿತ. "ಕಾಣೆಯಾಗಿದ್ದಾರೆ ಅಂತ ಪೇಪರಲ್ಲಿ ಹಾಕೋ ಹಂಗಿದೆ."

"ನಗಬಾರ್ದು ಅಂತ ಸ್ಟುಡಿಯೊದವನೇ ಅಂದ."

ಅವಳಿಗೆ ಕನ್ನಡ ಮಾತು ಬರುತ್ತದೆ, ಓದು ಬಾರದು. ಮಲಯಾಳದ ಬದಿಯನ್ನು ಗಟ್ಟಿಯಾಗಿ ಓದಿಕೊಂಡಳು. "ನಿಮ್ಮ ಭೂಮಿ, ನಮ್ಮ ಅವಸರ. ಅಲ್ರೀ, ಅವಸರ ಎಲ್ಲ ನಮಗೇ ಆದ್ರೆ ಭೂಮಿ ಕೊಡೋರಿಗೆ ಏನು?"

"ಜಾಹೀರಾತು ಅಂದ್ರೆ ಹಂಗೇನೆ. ಅಷ್ಟೊಂದು ಬಿಡಿಸಿ ನೋಡಬಾರ್ದು" ಎಂದ, ಬದುಕಿನಲ್ಲೇ ಮೊದಲ ಸಲ.

ಕನ್ನಡದ ಬದಿಯನ್ನು ಅವನೇ ಮೂರು ಬಾರಿ ತಿದ್ದಿದ್ದ. ಅಕ್ಷರದಲ್ಲಿ ಒಂದು ತಪ್ಪೂ ಇರಲಿಲ್ಲ. ಅದೇ ಮಧ್ಯಾಹ್ನ, ಮೈಸೂರಿಗೆ ಹೋಗುವ ಬಸ್ಸಿನ ಕಂಡಕ್ಟರನ ಕೈಯಲ್ಲಿ ಒಂದು ಲಕೋಟೆ ಕೊಟ್ಟು, ಅಂತರಸಂತೆಯ ಚಹಾದಂಗಡಿಯ ಮೂಲಕ ಮಹದೇವಪ್ಪನವರಿಗೆ ಐದು ಕಾರ್ಡು ತಲುಪಿಸಿದ.

ಅಂದಿನಿಂದ ಮಹದೇವಪ್ಪನವರು ಫೋನ್ ಎತ್ತಲಿಲ್ಲ.

ಅವರು ಅಪರಿಚಿತರೇನಲ್ಲ. ಎರಡು ವರ್ಷದ ಹಿಂದೆ ಅವರ ತಮ್ಮನ ಭೂಮಿಯ ಮಾತುಕತೆಯನ್ನು ಸಿದ್ದೇಶನೇ ನಡೆಸಿದ್ದ; ಮಹದೇವಪ್ಪನವರು ಆ ಇಡೀ ದಿನ ಜಗಲಿಯ ಮೇಲೆ ಕುಳಿತು ಕೇಳಿದ್ದರು. ಶನಿವಾರ ಎರಡು ಸಲ ಕರೆ ಮಾಡಿದ. ಭಾನುವಾರ ಮಾಡಲಿಲ್ಲ, ದಾಕ್ಷಿಣ್ಯ. ಸೋಮವಾರ ಯಾರೋ ಎತ್ತಿ, ಮನೆಯಲ್ಲಿಲ್ಲ ಎಂದು ಇಟ್ಟರು. ಮಂಗಳವಾರ ವಿನೋದನ ಬೈಕು ಗಡಿಯ ಬಾವಲಿಯ ಕಡೆ ಹೋದದ್ದನ್ನು ಕಂಡವರು ಹೇಳಿದರು. ಬುಧವಾರ ವೇಲಾಯುಧನ್ ಫೋನ್ ಮಾಡಿ, "ನಾಡಿದ್ದಿಗೆ ಇಪ್ಪತ್ತನಾಲ್ಕು" ಎಂದಷ್ಟೇ ಹೇಳಿದರು. ಬೈದಿದ್ದರೆ ಚೆನ್ನಾಗಿತ್ತು.

ಗುರುವಾರ ಬೆಳಗಿನ ಬಸ್ಸಿಗೆ ಸಿದ್ದೇಶ್ ಹೊರಟ. ಕಾಡು ಕಳೆದು ಅಂತರಸಂತೆಯಲ್ಲಿ ಇಳಿದು, ಮಹದೇವಪ್ಪನವರ ಜಗಲಿಯನ್ನು ಮುಟ್ಟುವಾಗ ಹತ್ತೂವರೆ.

ಮಹದೇವಪ್ಪನವರು ಅಲ್ಲೇ ಕುಳಿತು ಹುರುಳಿ ಕೇರುತ್ತಿದ್ದರು. "ಬಾಪ್ಪ, ಕುಂತ್ಕೊ" ಎಂದರು. ನೀರು ಬಂತು. ಭೂಮಿಯ ವಿಷಯ ಎತ್ತಿದಾಗ, "ಮಗ ನಂಜನಗೂಡಿಗೆ ಹೋಗವ್ನೆ, ಬಂದ್ಮೇಲೆ ನೋಡಣ" ಎಂದು ಮೊರದತ್ತ ತಿರುಗಿದರು.

ಅವರ ಹೆಂಡತಿ ಸಣ್ಣಮ್ಮನವರಿಗೆ ಆ ನಯ ಸಾಕಾಗಿತ್ತು. ಒಳಗಿನಿಂದ ಬಂದು ಬಾಗಿಲಿಗೆ ಒರಗಿ ನಿಂತರು. "ಅಲ್ಲ ಕಣಪ್ಪ, ಅದೇನೋ ಚೀಟಿ ಕಳ್ಸಿದ್ದೆಯಲ್ಲ, ಇವರು ಓದಿ ಹೇಳಿದ್ರು. ನಮ್ಮ ಭೂಮಿ ಮ್ಯಾಲೆ ನಿಂಗೆ ಅದೇನು ಅವಸರ ಅಂತೀನಿ?"

ಸಿದ್ದೇಶನ ಮುಖ ಅರಳಿತು. ಕಾರ್ಡನ್ನು ಓದಿದ್ದಾರೆ. "ಹೌದವ್ವ, ಅವಸರಾನೇ! ಇಂಥಾ ಅವಸರ ಮತ್ತೆ ಮತ್ತೆ ಬರಲ್ಲ. ನಮಗೂ ಅವಸರ, ನಿಮಗೂ ಅವಸರ."

"ನಮಗೇನೂ ಇಲ್ಲಪ್ಪ" ಎಂದರು ಮಹದೇವಪ್ಪ, ಮೊರ ಕೆಳಗಿಟ್ಟು.

"ಇದೆ ಯಜಮಾನ್ರೇ, ನಿಮಗೆ ಗೊತ್ತಿಲ್ಲ ಅಷ್ಟೆ. ಚೇಕಾಡಿಯೋರು ಒಳ್ಳೆ ಜನ. ನೀವು ಕೈಬಿಟ್ರೆ ಈ ಅವಸರ ಬೇರೆಯೋರ ಪಾಲಾಗ್ತದೆ."

"ಆಗ್ಲಿ ಬುಡು. ಬೇಕಾದೋರಿಗೆ ಆಗ್ಲಿ."

ಸಣ್ಣಮ್ಮನವರು ಗಂಡನ ಮುಖ ನೋಡಿದರು. ನಾನು ಹೇಳಲಿಲ್ಲವೇ ಎಂಬ ನೋಟ. ಸಿದ್ದೇಶ್ ಹೇಳಿದ ಒಂದೊಂದು ಒಳ್ಳೆಯ ಮಾತಿಗೂ ಎದುರಿನವರು ಒಂದೊಂದು ಹೆಜ್ಜೆ ಹಿಂದೆ ಸರಿಯುತ್ತಿದ್ದಾರೆ. ಹೀಗಾಗುವುದನ್ನು ಅವನು ಬೇರೆಯವರ ನಡುವೆ ಎಷ್ಟೋ ಸಲ ಕಂಡಿದ್ದ. ಆಗೆಲ್ಲ ಏನು ಮಾಡಬೇಕೆಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ತನ್ನದೇ ಮಾತಿನ ಮೇಲೆ ಮಾತ್ರ ಅದನ್ನು ಎಂದೂ ಮಾಡಿ ನೋಡಿರಲಿಲ್ಲ. ಇಬ್ಬರೂ ಆಡುತ್ತಿದ್ದದ್ದು ಕನ್ನಡವೇ ತಾನೆ?

"ಯಜಮಾನ್ರೇ," ಎಂದ ಮೆಲ್ಲಗೆ, "ಆ ಚೀಟಿಯಲ್ಲಿ ಇರೋದು ನಿಮಗೇನು ತಿಳೀತು, ಹೇಳಿ."

ಮಹದೇವಪ್ಪನವರು ಕೈಗಂಟಿದ ಹೊಟ್ಟು ಕೊಡವಿದರು. "ಇನ್ನೇನು ತಿಳೀಬೇಕು? ಭೂಮಿ ನಿಮ್ದು, ಬೇಗ ಕೊಡಿ, ನಮಗೆ ತಡ್ಯಕ್ಕಾಗಲ್ಲ ಅಂತ. ಆತುರ. ಗಡಿಬಿಡಿ. ಅಲ್ವಾ? ಮೊನ್ನೆ ಆ ವಿನೋದನೂ ಬಂದಿದ್ದ, ಬೈಕ್ ಆರಿಸ್ದೇನೇ ಮಾತಾಡ್ದ. ಈಗ ಇವನೂ ಹಂಗೇ ಆಗೋದ್ನಲ್ಲ ಅನ್ಕೊಂಡೆ."

ಸಿದ್ದೇಶ್ ಜೇಬಿನಿಂದ ಒಂದು ಕಾರ್ಡು ತೆಗೆದು ಕನ್ನಡದ ಬದಿಯನ್ನು ಓದಿದ, ಈ ಸಲ ಮಹದೇವಪ್ಪನವರ ಕಣ್ಣಿನಿಂದ. ತಾಯಿ ಇದ್ದಾಗ ಪ್ರತಿದಿನ ಬೆಳಿಗ್ಗೆ, 'ಅವಸರ ಮಾಡಬ್ಯಾಡ, ನಿಧಾನಕ್ಕೆ ಉಣ್ಣು' ಎನ್ನುತ್ತಿದ್ದದ್ದು ಆಗ ಕಿವಿಗೆ ಬಿತ್ತು.

"ಅಯ್ಯೋ ದೇವರೇ" ಎಂದ.

ಆಮೇಲೆ ವಿವರಿಸಿದ. ಮಲಯಾಳದಲ್ಲಿ ಅದಕ್ಕೆ ಏನರ್ಥ, ಕಾಟ್ಟಿಕುಳದಲ್ಲಿ ಜನ ಹೇಗೆ ಆಡುತ್ತಾರೆ, ಜಯನ್ ಏನು ಹೇಳಿದರು, ತಾನು ಬಸ್ಸಿನಲ್ಲಿ ಏನು ಬರೆದ. ವಿವರಣೆ ದೀರ್ಘವಾಗಿಯೇ ಇತ್ತು. ಅದು ಅರ್ಧಕ್ಕೆ ಬರುವ ಮೊದಲೇ ಸಣ್ಣಮ್ಮನವರು ಸೆರಗು ಬಾಯಿಗೆ ಒತ್ತಿ ಹಿಡಿದು ಅಲ್ಲೇ ಕುಸಿದು ಕೂತು ನಗತೊಡಗಿದ್ದರು.

"ನಮಗೂ ಅವಸರ, ನಿಮಗೂ ಅವಸರ ಅಂತಾನಲ್ಲ ಇವ್ನು!" ಎಂದು ಕಣ್ಣೊರೆಸಿಕೊಂಡರು. "ಅಲ್ಲ ಕಣೋ, ಈ ಊರಲ್ಲಿ ನಿಂಗೇನಂತಾರೆ ಗೊತ್ತಾ? 'ತಿರುಗಿ ಯೋಳು ಸಿದ್ದೇಸ' ಅಂತಾರೆ. ನಿನ್ ಬಾಯಿಂದ ಅವಸರ ಅಂತ ಬಂದ್ರೆ ನಾವು ಏನಂತ ತಿಳೀಬೇಕು?"

"ತಿರುಗಿ ಯೋಳು?"

"ತಿರುಗಿ ಹೇಳು, ತಿರುಗಿ ಹೇಳು ಅಂತ ಎರಡೆರಡು ಸಲ ಯೋಳಿಸ್ತೀಯಲ್ಲ, ಅದಕ್ಕೆ. ನಮ್ ಮೈದ್ನ ಮೊದಲು ಬಯ್ಯೋನು. ಈಗ ಅವನೇ, ಭೂಮಿ ಕೊಡೋದಾದ್ರೆ ತಿರುಗಿ ಯೋಳು ಸಿದ್ದೇಸನ್ನ ಕೂರಿಸ್ಕೊಂಡೇ ಕೊಡು ಅಂತಾನೆ."

ಹನ್ನೊಂದು ವರ್ಷದಿಂದ ಈ ರಸ್ತೆಯಲ್ಲಿ ಓಡಾಡುತ್ತಿದ್ದರೂ ಆ ಹೆಸರು ಅವನ ಕಿವಿಗೆ ಬಿದ್ದಿರಲಿಲ್ಲ. ಅದರಲ್ಲಿ ಅರ್ಧ ಗೇಲಿ ಇತ್ತೆಂಬುದೂ ನಿಜ. ಆದರೂ, ಜಯನ್ ಕೇಳಿದ ಒಂದು ಸಾಲು ಇಷ್ಟು ಸಲೀಸಾಗಿ, ಇನ್ನೊಬ್ಬರ ಬಾಯಲ್ಲಿ, ಎರಡೇ ಮಾತಿಗೆ ಇಳಿದುಬಿಟ್ಟಿತ್ತು.

ಮಹದೇವಪ್ಪನವರು ಮೊರವನ್ನು ಪಕ್ಕಕ್ಕೆ ಸರಿಸಿದರು. ನೀರಿನ ಪಾಳಿ ಹೇಗೆ, ಕೊಳವೆಬಾವಿ ಕೆಟ್ಟರೆ ರಿಪೇರಿ ಯಾರದು, ಬದುವಿನ ಮೇಲಿನ ಹೊಂಗೆ ಮರಗಳನ್ನು ಮುಟ್ಟಬಾರದು, ಅಗೆದಾದ ಮೇಲೆ ಭೂಮಿಯನ್ನು ಮಟ್ಟ ಮಾಡಿಕೊಡಬೇಕು — ಒಂದೊಂದಾಗಿ ಹೇಳಿದರು. ಸಿದ್ದೇಶ್ ಪುಸ್ತಕ ತೆಗೆದು ಬರೆದುಕೊಂಡ, ಪ್ರತಿಯೊಂದನ್ನೂ ತಿರುಗಿ ಹೇಳಿಸಿದ. ಹೊಂಗೆ ಮರದ ಹತ್ತಿರ ಮಾತು ಒಂದು ಗಂಟೆ ನಿಂತಿತು. ಕೊಂಬೆ ಸವರುವುದು ಮುಟ್ಟಿದಂತೆಯೋ ಅಲ್ಲವೋ ಎಂಬುದು ಇತ್ಯರ್ಥವಾಗಬೇಕಿತ್ತು. ನಡುವೆ ಊಟವಾಯಿತು. ಮುದ್ದೆ, ಹುರುಳಿಕಾಳಿನ ಸಾರು. ಎರಡನೆಯ ಮುದ್ದೆಯನ್ನು ಅವನು ಬೇಡ ಎನ್ನಲಿಲ್ಲ.

ಮೂರು ಗಂಟೆಗೆ ಚೇಕಾಡಿಗೆ ಫೋನ್ ಮಾಡಿದ. ಮಹದೇವಪ್ಪನವರು ಸ್ಪೀಕರಿನಲ್ಲಿ ತಮ್ಮ ಒಪ್ಪಿಗೆಯನ್ನು ಕನ್ನಡದಲ್ಲಿ ಹೇಳಿದರು, ಸಿದ್ದೇಶ್ ಅದನ್ನು ಮಲಯಾಳಕ್ಕೆ ತಂದ. ಆಮೇಲೆ ಆರು ದಿನದ ಮೌನದ ಕಾರಣವನ್ನೂ ಮುಚ್ಚಿಡದೆ ಹೇಳಿದ. ಅತ್ತ ವೇಲಾಯುಧನ್ ಕೆಮ್ಮು ಬರುವಷ್ಟು ನಕ್ಕರು.

"ಸರಿ, ಇನ್ನೊಂದು ಕಾರ್ಡು ಮಾಡಿಸು. ಕನ್ನಡದಲ್ಲಿ ಅವಸರಂ ಅನ್ನೋಕೆ ಏನಂತಾರೆ?"

"ಅವಕಾಶ ಅಂತಾರೆ, ಏಟ್ಟಾ."

ಮಲಯಾಳದಲ್ಲಿ ಅವಕಾಶ ಎಂದರೆ ಹಕ್ಕು.

"ನಿಮ್ಮ ಭೂಮಿ, ನಮ್ಮ ಹಕ್ಕು!" ಎಂದು ವೇಲಾಯುಧನ್ ಕೂಗಿದರು. "ಎಡಾ, ನನ್ನ ಭೂಮಿಯನ್ನೂ ಯಾರೂ ಬಿಡಲ್ಲ ಆಮೇಲೆ! ಬೇಡ ಮಾರಾಯ, ನೀನು ಏನನ್ನೂ ಬರೀಬೇಡ. ಬಾಯಲ್ಲೇ ಹೇಳು. ಫೆಬ್ರವರಿ ಎರಡಕ್ಕೆ ನಾವು ಐವರೂ ಅಲ್ಲಿಗೆ ಬರ್ತೀವಿ. ಹುಡುಗರಿಗೆ ನಾನು ಹೇಳ್ತೀನಿ. ಇಡೀ ದಿನ ಬೇಕಾದರೂ ಆಗಲಿ."

"ಮುಂದಿನ ವರ್ಷಕ್ಕೆ?" ಎಂದು ಸಿದ್ದೇಶ್ ಕೇಳಿಬಿಟ್ಟ.

"ನಾನು ಈಗ ಹೇಳಿದ್ದರಲ್ಲಿ ನಿನಗೇನು ತಿಳೀತು, ಹೇಳು ನೋಡೋಣ."

ಸಿದ್ದೇಶ್ ಹೇಳಿದ. ಫೆಬ್ರವರಿ ಎರಡು, ಐವರು, ಇಡೀ ದಿನ, ಈ ವರ್ಷದ ಕೆಲಸ ನನ್ನದು.

"ಮುಂದಿನ ವರ್ಷದ್ದೂ" ಎಂದು ಸೇರಿಸಿ ವೇಲಾಯುಧನ್ ಫೋನಿಟ್ಟರು.

ನಾಲ್ಕು ಗಂಟೆಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಸರಿತಳಿಗೆ ವಿಷಯ ತಿಳಿಸಬೇಕೆಂದು ಮೊಬೈಲನ್ನು ಕೈಯಲ್ಲಿ ಹಿಡಿದದ್ದಷ್ಟೇ ನೆನಪು. ಕಾಡು ಯಾವಾಗ ಬಂತು, ಯಾವಾಗ ಹೋಯಿತು, ಅವನಿಗೆ ತಿಳಿಯಲಿಲ್ಲ. ಬಾವಲಿಯ ಚೆಕ್‌ಪೋಸ್ಟಿನಲ್ಲಿ ಚೀಲ ತೆರೆದು ತೋರಿಸಲು ಭುಜ ಮುಟ್ಟಿ ಎಬ್ಬಿಸಬೇಕಾಯಿತು.