ಕಾಲುಚೀಲದ ಊರಿನ ಪಾವ್ಕ್ವೇ ಮತ್ತು ಮೂರು ಹಳೇ ಕಂಪ್ಯೂಟರ್

ನಮ್ಮ ಶೆತೌ ಊರಿನಲ್ಲಿ ಬೀದಿಗೆ ನಾಲ್ಕು ಮನೆಯಲ್ಲಾದರೂ ಕಾಲುಚೀಲ ಹೆಣೆಯುವ ಯಂತ್ರ ಸದ್ದು ಮಾಡುತ್ತಿದ್ದ ಕಾಲವೊಂದಿತ್ತು. ಪಾವ್ಕ್ವೇ ಬೆಳೆದದ್ದು ಆ ಸದ್ದಿನಲ್ಲೇ. ಅವಳಪ್ಪನಿಗೆ ಸೀಬೆ ತೋಟವಿತ್ತು, ಜೊತೆಗೆ ಸಗಟು ವ್ಯಾಪಾರ. ಅವಳು ಮಾತ್ರ ಹದಿಮೂರಕ್ಕೇ ಕಾರ್ಖಾನೆ ಸೇರಿದಳು. ಕಾಲುಚೀಲದ ಬೆರಳ ತುದಿಯನ್ನು ಒಂದೊಂದೇ ಕುಣಿಕೆ ಹಿಡಿದು ಮುಚ್ಚುವ ಕೆಲಸ. ಒಂದು ಕುಣಿಕೆ ತಪ್ಪಿದರೂ ತೊಳೆದಾಗ ತೂತು ಬೀಳುತ್ತದೆ. ನಾನು ಅವಳ ಪಕ್ಕದ ಮೇಜಿನಲ್ಲಿ ಜೋಡಿ ಮಾಡಿ ಕಂತೆ ಕಟ್ಟುವವಳು. ಮೂವತ್ತು ವರ್ಷ ಅವಳ ಮೊಣಕೈ ನೋಡಿಕೊಂಡೇ ಕೆಲಸ ಮಾಡಿದ್ದೇನೆ.

ಕಾರ್ಖಾನೆಗೆ ಮೊದಲ ಕಂಪ್ಯೂಟರ್ ಬಂದಾಗ ಗಂಡಸರೆಲ್ಲ ದೂರ ನಿಂತರು. ಪಾವ್ಕ್ವೇ ಊಟದ ಬಿಡುವಿನಲ್ಲಿ ಅದರ ಮುಂದೆ ಹೋಗಿ ಕೂರತೊಡಗಿದಳು. ಇಂಗ್ಲಿಷ್ ಬರುತ್ತಿರಲಿಲ್ಲ. ಪರದೆಯ ಮೇಲೆ ಮೂಡುವ ತಪ್ಪಿನ ಸಾಲನ್ನು ಚಿತ್ರ ಬರೆದ ಹಾಗೆ ಒಂದು ಪುಸ್ತಕದಲ್ಲಿ ಬಿಡಿಸಿಕೊಂಡು, ಪಕ್ಕದಲ್ಲಿ ತಾನು ಏನು ಮಾಡಿದಾಗ ಸರಿಹೋಯಿತು ಅಂತ ಬರೆದಿಡುತ್ತಿದ್ದಳು. ಹತ್ತು ವರ್ಷದಲ್ಲಿ ಅಂಥ ಐದು ಪುಸ್ತಕ ತುಂಬಿದವು. ಕಂಪ್ಯೂಟರ್ ಮೊಂಡು ಬಿದ್ದರೆ ಎಲ್ಲರೂ ಕೂಗುವುದು ಅವಳನ್ನೇ. ಹೆಸರಿಗೆ ಮಾತ್ರ ಅವಳು ಆಗಲೂ ತುದಿ ಮುಚ್ಚುವವಳೇ.

ಈ ಸಂಗತಿ ನಡೆದ ವರ್ಷ ಯಜಮಾನರ ಮಗಳು ಯುಂಗ್‌ಚಿಂಗ್ ಕಾರ್ಖಾನೆ ವಹಿಸಿಕೊಂಡಳು. ಬಂದವಳೇ ಹೊಸ ಸರ್ವರ್ ತರಿಸಿ, ವಿನ್ಯಾಸಗಳನ್ನೆಲ್ಲ ಅದರೊಳಗೆ ಹಾಕಿಸಿದಳು. ಶುಕ್ರವಾರ ಎಲ್ಲರನ್ನೂ ಸಾಲಾಗಿ ಕೂರಿಸಿ ಅವರವರ ಹಳೇ ಪಾಸ್‌ವರ್ಡ್ ಬದಲಾಯಿಸಲು ಹಚ್ಚಿದಳು. ಹದಿನಾರು ಅಕ್ಷರಕ್ಕೆ ಕಡಿಮೆ ಇರಕೂಡದು ಅಂತ ಅವಳ ಕಟ್ಟಪ್ಪಣೆ.

ಸೋಮವಾರ ಬೆಳಿಗ್ಗೆ ಕಚೇರಿಯ ಹೊಸ ಕಂಪ್ಯೂಟರುಗಳು ಸಲೀಸಾಗಿ ಒಳಗೆ ಹೋದವು. ಹೆಣಿಗೆ ಹಜಾರದ ಮೂರು ಹಳೆಯವು ಹೋಗಲಿಲ್ಲ. ಯಾರು ಕೂತರೂ ಒಂದೇ ಉತ್ತರ: ಹೆಸರು ಅಥವಾ ಪಾಸ್‌ವರ್ಡ್ ತಪ್ಪು. ಹೆಣಿಗೆ ಯಂತ್ರಗಳಿಗೆ ವಿನ್ಯಾಸ ಹೋಗುವುದು ಆ ಮೂರರಿಂದಲೇ. ಬೇರೆ ಕಂಪ್ಯೂಟರಿನ ಮಾತು ಆ ಯಂತ್ರಗಳು ಕೇಳುವುದಿಲ್ಲ. ಶಿಶುವಿಹಾರದ ಮಕ್ಕಳಿಗೆ ಹಳದಿ ಬಾತುಕೋಳಿಯ ಕಾಲುಚೀಲ ಹೆಣೆಯಬೇಕಿತ್ತು. ಬಾತುಕೋಳಿ ಸರ್ವರ್ ಒಳಗೆ, ನಾವು ಹೊರಗೆ.

ಸರ್ವರ್ ಕೂರಿಸಿದ ಚ್ವಾಂಗ್ ಅನ್ನುವ ತರುಣ ತೈಚುಂಗ್‌ನಿಂದ ಓಡಿಬಂದ. ಬಗ್ಗಿ ನೋಡಿದ, ಎದ್ದು ನೋಡಿದ.

"ಹಳೇವಕ್ಕೆ ಏನು ಬೇಕೋ ಅದನ್ನ ಸರ್ವರ್‌ನಲ್ಲಿ ತೆರೆದಿಟ್ಟೇ ಹೋಗಿದೀನಿ ಮೇಡಂ. ಇನ್ನೇನೂ ಮಾಡೋಕಾಗಲ್ಲ. ಇವನ್ನ ಎಸೆದುಬಿಡಿ."

"ಎಸೆದ್ರೆ ಬಾತುಕೋಳೀನ ನೀವು ಕೈಯಲ್ಲಿ ಹೆಣೀತೀರಾ?" ಅಂದಳು ಯುಂಗ್‌ಚಿಂಗ್. ಅವನು ಇನ್ನೊಬ್ಬರಿಗೆ ಮಾತು ಕೊಟ್ಟಿದ್ದನಂತೆ, ನಾಳೆ ಫೋನ್ ಮಾಡುತ್ತೇನೆಂದು ಹೊರಟುಹೋದ.

ಪಾವ್ಕ್ವೇ ಸ್ಟೂಲ್ ಎಳೆದುಕೊಂಡು ಕೂತಳು. ಮೊದಲು ತಂತಿ ಬದಲಾಯಿಸಿದಳು. ಆಗಲಿಲ್ಲ. ಒಂದು ಹಳೇ ಕಂಪ್ಯೂಟರನ್ನು ನನ್ನ ಕೈಲೂ ಹೊರಿಸಿ ಕಚೇರಿಗೆ ಒಯ್ದು, ಕೆಲಸ ಮಾಡುತ್ತಿದ್ದ ತಂತಿಯನ್ನೇ ಚುಚ್ಚಿದಳು. ಅಲ್ಲೂ ಆಗಲಿಲ್ಲ.

"ದಾರಿ ಸರಿಯಾಗೇ ಇದೆ. ಬಾಗಿಲಲ್ಲೇ ಏನೋ ತಕರಾರು" ಅಂದಳು. ಆಮೇಲೆ ಯುಂಗ್‌ಚಿಂಗ್‌ಳನ್ನು ಕರೆದು ಹೊಸದರಲ್ಲಿ ಒಮ್ಮೆ, ಹಳೆಯದರಲ್ಲಿ ಒಮ್ಮೆ ಅದೇ ಹೆಸರು, ಅದೇ ಪಾಸ್‌ವರ್ಡ್ ಹೊಡೆಸಿದಳು. ಹೊಸದು ಬಾ ಅಂದಿತು, ಹಳೆಯದು ಹೋಗು ಅಂದಿತು.

"ಚಿಕ್ಕಮ್ಮ, ನಾನೇ ಯಜಮಾನಿ. ನನ್ನೇ ಒಳಗೆ ಬಿಡಲ್ವಲ್ಲ ಇದು." ಚಿಕ್ಕಂದಿನಿಂದ ಅವಳು ಪಾವ್ಕ್ವೇಯನ್ನು ಕರೆಯುವುದೇ ಹಾಗೆ.

"ಅದಕ್ಕೇನು ಗೊತ್ತು, ನೀನು ಹುಟ್ಟೋಕ್ ಮುಂಚಿಂದ ಇರೋ ಥರ ಆಡ್ತಾ ಇದೆ" ಅಂದಳು ಪಾವ್ಕ್ವೇ.

ಮಂಗಳವಾರ ಮಧ್ಯಾಹ್ನ ಶ್ವೇಮು ಬಂದ. ಪಾವ್ಕ್ವೇಯ ಗಂಡ, ನಮ್ಮ ಹೆಣಿಗೆ ಯಂತ್ರಗಳ ಮೆಕ್ಯಾನಿಕ್. ಮಗಳ ಬಾಣಂತನಕ್ಕೆ ಕೋಳಿ ಹೊತ್ತುಕೊಂಡು ಪಿಂಗ್‌ತುಂಗ್‌ಗೆ ಹೋದವನು ಐದು ದಿನ ರಜ ಮುಗಿಸಿ ನೇರ ಹಜಾರಕ್ಕೇ ಬಂದಿದ್ದ. ಹೆಂಡತಿ ಕೈ ತೊಳೆಯಲು ಹೋಗಿದ್ದಳು. ಸ್ಟೂಲ್ ಖಾಲಿಯಿತ್ತು. ಕೂತು ಒಂದೇ ಬೆರಳಲ್ಲಿ ಟಕ್ ಟಕ್ ಅಂತ ಒತ್ತಿದ. ಪರದೆ ತೆರೆದುಕೊಂಡಿತು, ಬಾತುಕೋಳಿ ಸಮೇತ.

"ಯಂತ್ರ ಯಾಕೆ ನಿಲ್ಲಿಸಿದೀರಿ? ಎಲ್ಲ ಸರಿ ಇದೆಯಲ್ಲ" ಅಂದ.

ಹಜಾರದಲ್ಲಿ ನಾವು ಹನ್ನೊಂದು ಜನ ಅವನನ್ನೇ ನೋಡಿದೆವು. ಪಾವ್ಕ್ವೇ ಒದ್ದೆ ಕೈಯಲ್ಲೇ ಓಡಿಬಂದಳು.

"ಏನ್ರೀ ಮಾಡಿದ್ರಿ?"

"ನಾನೇನೂ ಮಾಡ್ಲಿಲ್ಲ ಕಣೇ. ದಿನಾ ಮಾಡೋ ಹಾಗೆ ಮಾಡ್ದೆ."

"ಎರಡು ದಿನ ನಾವು ಒದ್ದಾಡಿದ್ರೂ ತೆರೀದೆ, ಈ ಅಣ್ಣನಿಗೋಸ್ಕರ ಕಾಯ್ತಿತ್ತಂತೆ" ಅಂತ ನಾನು ಕುಟುಕಿದೆ.

ಪಾವ್ಕ್ವೇ ನಗಲಿಲ್ಲ. ಹೊರಗೆ ಬಂದು ಮತ್ತೆ ಒಳಗೆ ಹೋಗಿ ಅಂದಳು. ಹೋದ. ಪಕ್ಕದ ಕಂಪ್ಯೂಟರ್‌ನಲ್ಲಿ ಹೋಗಿ ಅಂದಳು. ಅಲ್ಲೂ ಹೋದ. ಮೂರನೆಯದರ ಹೊತ್ತಿಗೆ ಅವಳು ಅವನ ಹೆಗಲ ಹಿಂದೆ ನಿಂತು ಬೆರಳನ್ನೇ ನೋಡುತ್ತಿದ್ದಳು. ಪಾಸ್‌ವರ್ಡಿಗೆ ಆರು ಸಲ ಒತ್ತಿದ, ಎಲ್ಲ ಅಂಕಿ. ಅವಳ ಮುಖ ಕೆಂಪಾಯಿತು.

"ಅದು ನಮ್ಮಪ್ಪನ ಮನೆ ಫೋನ್ ನಂಬರ್ರು."

ಶ್ವೇಮು ಕಿವಿ ತುರಿಸಿಕೊಂಡ. "ಮದುವೆಗೆ ಮುಂಚೆ ದಿನಾ ತಿರುಗಿಸ್ತಿದ್ನಲ್ಲ. ಮರೆಯೋಕೆ ಹೋದ್ರೂ ಮರೆಯಲ್ಲ."

"ಆ ಫೋನ್ ತೆಗೆಸಿ ಇಪ್ಪತ್ತು ವರ್ಷ ಆಯ್ತು."

"ಅದಕ್ಕೇ ಯಾರಿಗೂ ಹೊಳೆಯಲ್ಲ ಅಂತ ಇಟ್ಕೊಂಡಿದ್ದೆ. ಈಗ ನೀನೇ ಊರಿಗೆಲ್ಲ ಹೇಳ್ದೆ."

ಹಜಾರದ ಹೆಂಗಸರು ಬಿದ್ದು ಬಿದ್ದು ನಕ್ಕರು. ಪ್ಯಾಕಿಂಗಿನವಳೊಬ್ಬಳು ತನ್ನ ಗಂಡನ ಪಾಸ್‌ವರ್ಡ್ ಅವನ ಬೈಕಿನ ನಂಬರು ಅಂತ ಕೊರಗಿದಳು. ಪಾವ್ಕ್ವೇ ಗಂಡನ ಭುಜಕ್ಕೆ ಒಂದು ಗುದ್ದು ಕೊಟ್ಟಳು, ಆದರೆ ಕೈಯನ್ನು ಸ್ವಲ್ಪ ಹೊತ್ತು ಅಲ್ಲೇ ಇಟ್ಟಿದ್ದಳು.

ಆಮೇಲೆ ಇದ್ದಕ್ಕಿದ್ದಂತೆ ಯುಂಗ್‌ಚಿಂಗ್ ಕಡೆ ತಿರುಗಿದಳು. "ಶುಕ್ರವಾರ ಇವರು ಇರಲಿಲ್ಲ. ನಾವೆಲ್ಲ ಬದಲಾಯಿಸಿದ್ವಿ, ಇವರದು ಮಾತ್ರ ಹಳೇದೇ ಉಳೀತು. ನಮ್ಮದೆಲ್ಲ ಉದ್ದ, ಇವರದು ಗಿಡ್ಡ. ಅಷ್ಟೇ ವ್ಯತ್ಯಾಸ."

ಇಬ್ಬರೂ ಕೂತು ಪರೀಕ್ಷೆಗೆಂದು ಒಂದು ಹೊಸ ಹೆಸರು ಮಾಡಿದರು. ಪಾಸ್‌ವರ್ಡ್ ಎಂಟು ಅಕ್ಷರ ಇಟ್ಟರು. ಹಳೇ ಕಂಪ್ಯೂಟರ್ ಒಳಗೆ ಬಿಟ್ಟಿತು. ಒಂದೊಂದೇ ಅಕ್ಷರ ಕೂಡಿಸುತ್ತ ಹೋದರು. ಹನ್ನೆರಡು, ಹದಿಮೂರು, ಹದಿನಾಲ್ಕು. ನಾವೆಲ್ಲ ಕೆಲಸ ಬಿಟ್ಟು ಸುತ್ತ ನಿಂತು ಗಟ್ಟಿಯಾಗಿ ಎಣಿಸಿದೆವು. ಹದಿನೈದಕ್ಕೆ ಬಾಗಿಲು ಮುಚ್ಚಿತು. ಮತ್ತೆ ಹದಿನಾಲ್ಕು ಮಾಡಿದರು, ತೆರೆಯಿತು.

ಯುಂಗ್‌ಚಿಂಗ್ ಚ್ವಾಂಗ್‌ಗೆ ಫೋನ್ ಮಾಡಿ, ಎಲ್ಲರಿಗೂ ಕೇಳುವಂತೆ ಇಟ್ಟಳು. ಅವನು ಪೂರ್ತಿ ಕೇಳಿಸಿಕೊಂಡು ಅಂದ: "ಹೌದು, ಆ ಕಾಲದವಕ್ಕೆ ಹದಿನಾಲ್ಕರ ಮೇಲೆ ಬರಲ್ಲ. ಪರೀಕ್ಷೆಗೆ ಓದಿದ್ದೆ, ಮರೆತೇಬಿಟ್ಟೆ. ಯಾರು ಕಂಡುಹಿಡಿದದ್ದು?"

"ಕಾಲುಚೀಲದ ತುದಿ ಮುಚ್ಚೋ ನಮ್ಮ ಚಿಕ್ಕಮ್ಮ" ಅಂದಳು ಯುಂಗ್‌ಚಿಂಗ್.

ಕಚೇರಿಯವರ ಪಾಸ್‌ವರ್ಡ್ ಉದ್ದವಾಗಿಯೇ ಉಳಿಯಿತು. ಹಜಾರಕ್ಕೆ ಹದಿನಾಲ್ಕು ಅಕ್ಷರದ ಪಾಸ್‌ವರ್ಡಿನ ಬೇರೆಯೇ ಒಂದು ಹೆಸರು ಮಾಡಿದರು. ಅದರಿಂದ ವಿನ್ಯಾಸ ಬಿಟ್ಟು ಬೇರೇನೂ ತೆರೆಯದಂತೆ ಪಾವ್ಕ್ವೇ ನೋಡಿಕೊಂಡಳು. ಮೂರು ಗಂಟೆಗೆ ಯಂತ್ರಗಳು ಶುರುವಾದವು. ಮೊದಲ ಜೋಡಿಯನ್ನು ನಾನೇ ಕಟ್ಟಿದೆ.

ಮಾರನೇ ವಾರ ಚ್ವಾಂಗ್ ಬಿಸಿ ಬಿಸಿ ಬಾವಾನ್ ಕಡುಬು ಕಟ್ಟಿಸಿಕೊಂಡು ಬಂದು ಹಜಾರಕ್ಕೆಲ್ಲ ಹಂಚಿದ. ಸಂಜೆವರೆಗೆ ಪಾವ್ಕ್ವೇಯ ಪುಸ್ತಕಗಳನ್ನು ತಿರುವಿಹಾಕುತ್ತ ಕೂತಿದ್ದ. ಹೊರಡುವಾಗ ಅವಳನ್ನು "ಟೀಚರ್" ಅಂತ ಕರೆದ. ಅವಳು ಹಿಂದೆ ಯಾರಾದರೂ ನಿಂತಿದ್ದಾರಾ ಅಂತ ತಿರುಗಿ ನೋಡಿದಳು.

ಈಗ ಊರಿನ ಬೇರೆ ಕಾರ್ಖಾನೆಗಳಿಂದಲೂ ಕರೆ ಬರುತ್ತದೆ. ಹಳೇ ಕಂಪ್ಯೂಟರ್ ಇಲ್ಲದವರು ಯಾರು? ಶ್ವೇಮು ಸ್ಕೂಟರಿನಲ್ಲಿ ಕರೆದೊಯ್ಯುತ್ತಾನೆ. ಮೊನ್ನೆ ರೈಲು ಹಳಿಯ ಆಚೆಯ ಕಾರ್ಖಾನೆಯಲ್ಲಿ ಗಡಿಯಾರ ಹಿಂದೆ ಬಿದ್ದ ಕಂಪ್ಯೂಟರನ್ನು ಸರ್ವರ್ ಒಳಗೆ ಬಿಡುತ್ತಿರಲಿಲ್ಲವಂತೆ. ಅಂಗಿ ಗುಂಡಿಯಷ್ಟು ಬ್ಯಾಟರಿ ಹಾಕಿ, ಹೊತ್ತು ಸರಿಮಾಡಿ ಹತ್ತು ನಿಮಿಷಕ್ಕೆ ಎದ್ದಳು. ಆ ಯಜಮಾನ ನಂಬಲೇ ಇಲ್ಲ.

"ಇಷ್ಟೇನಾ ಅಕ್ಕ?"

"ಇಷ್ಟೇ. ಇನ್ನೂ ಹೊತ್ತು ಹಿಡೀಬೇಕು ಅಂತಿದ್ರೆ ಕಾಫಿ ಕೊಡಿ, ಕೂತಿರ್ತೀನಿ" ಅಂದಳಂತೆ ಪಾವ್ಕ್ವೇ.